ಮಾವನ ಬಲಗಾಲಿನ ವ್ಯಾಪಾರ

ನನ್ನ ಸೋದರಮಾವ ಯಾರನ್ನೂ ಮುಖ ನೋಡಿ ಗುರುತು ಹಿಡಿಯುವುದಿಲ್ಲ. ಹಿಂದಿನಿಂದ ನಡಿಗೆ ನೋಡಿ ಹಿಡಿಯುತ್ತಾರೆ! ಎದುರಿಗೆ ನಿಂತು ಕೈಮುಗಿದವನನ್ನು ಪಿಳಿಪಿಳಿ ನೋಡುತ್ತಾರೆ. ಅವನು ಬೇಸರಪಟ್ಟು ತಿರುಗಿ ನಾಲ್ಕು ಹೆಜ್ಜೆ ಹೋದನೋ, ಆಗ ಕೂಗು: "ಏ, ನೀನು ನಮ್ಮ ಅಂಗಡಿ ಚೆನ್ನಪ್ಪನ ಮಗ ಅಲ್ಲೇನಲೇ! ಎಡಗಾಲು ಒಳಗ ಹಾಕ್ತೀ, ನಿಮ್ಮಪ್ಪನಂಗ!"

ಕಾರಣವಿದೆ. ಸಿರುಗುಪ್ಪದ ಹತ್ತಿರದ ರಾರಾವಿಯವರಾದ ಮಾವ ಎತ್ತು ನೋಡುವುದರಲ್ಲಿ ಪ್ರಸಿದ್ಧರು. ಎತ್ತು ಕೊಳ್ಳುವವರು ಹಣ ಮರೆತರೂ ಮಾವನನ್ನು ಮರೆಯದೆ ಸಂತೆಗೆ ಕರೆದೊಯ್ಯುತ್ತಿದ್ದರು. ಉಳಿದವರು ಹಲ್ಲು ನೋಡುವರು, ಕೊಂಬು ನೋಡುವರು. ಮಾವ ಮಾತ್ರ ಹಿಂದೆ ನಿಂತು, "ನಡಸ್ರಿ" ಎನ್ನುವರು. "ಹಲ್ಲು ವಯಸ್ಸು ಹೇಳ್ತೈತಿ. ಕಾಲು ಸತ್ಯ ಹೇಳ್ತೈತಿ."

ಈ ಪರೀಕ್ಷೆ ಎತ್ತುಗಳಿಗಷ್ಟೇ ಸೀಮಿತವಾಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿದ್ದೆನೆ? ಮಗಳನ್ನು ನೋಡಲು ಬಂದ ವರ ಉಪ್ಪಿಟ್ಟಿಗೆ ಕೈ ಹಾಕಿದ್ದನಷ್ಟೆ, ಮಾವ ಅಂದರು: "ಸ್ವಲ್ಪ ಆ ಬಾವಿ ತನಕ ಹೋಗಿ ಬರ್ರಿ."

"ಬಾವ್ಯಾಗ ಏನೈತ್ರಿ?"

"ಏನೂ ಇಲ್ಲ. ಹೋಗಿ ಬರ್ರಿ."

ಪಾಪ, ಹೋಗಿ ಬಂದ. ಮದುವೆಯೂ ಆಯಿತು. ಆದರೆ ಆ ಅಳಿಯ ಇವತ್ತಿಗೂ ಮಾವನ ಎದುರು ನಡೆಯುವುದಿಲ್ಲ; ಅವರು ಬರುವ ಮೊದಲೇ ಬಂದು ಕುಳಿತಿರುತ್ತಾನೆ, ಅವರು ಹೋದ ಮೇಲೆ ಏಳುತ್ತಾನೆ!

ಅಲ್ಲಿ ಬಾವಿಯೇ ಇರಲಿಲ್ಲ, ಹುಣಸೆಮರವಿತ್ತು ಎನ್ನುತ್ತಾರೆ ಅತ್ತೆ, ಅಂದರೆ ಮಾವನ ಹೆಂಡತಿ. ನನ್ನ ತಲೆಯಲ್ಲಿ ಮಾತ್ರ ಬಾವಿ ಇದೆ, ಅದಕ್ಕೆ ನೀರು ಸೇದುವ ಗಡಗಡಿಯೂ ಇದೆ. ನೆನಪೂ ಒಬ್ಬ ದಲ್ಲಾಳಿಯೇ ಅಲ್ಲವೇ? ಎರಡೂ ಕಡೆ ಕಮಿಷನ್ ತಿನ್ನುತ್ತದೆ. ಆದ್ದರಿಂದ ಓದುಗರೇ, ನಾನು ಹೇಳಿದ ಬೆಲೆಗೆ ಕೊಳ್ಳಬೇಡಿ, ಚೌಕಾಸಿ ಮಾಡಿ.

ಇಂಥ ಮನುಷ್ಯನ ಸ್ವಂತ ಕಾಲೇ ಸುಳ್ಳು ಹೇಳತೊಡಗಿದರೆ?

ಬಲಸೊಂಟದ ಕೀಲು ಸವೆದಿತ್ತು. ಅತ್ತೆ ಹಟ ಹಿಡಿದು, ಬಳ್ಳಾರಿಯಲ್ಲಿ ಕೀಲು ಬದಲಾಯಿಸಿದ್ದಾಯಿತು. ಹಳೆಯ ನೋವು ಹೋಯಿತು. ಅದು ಖಾಲಿ ಮಾಡಿದ ಜಾಗಕ್ಕೆ, ಬಾಡಿಗೆಗೆ ಬಂದವರ ಹಾಗೆ, ಹೊಸದೊಂದು ನೋವು ಬಂತು. ಸೊಂಟದಲ್ಲಲ್ಲ, ಮುಂದೆ, ತೊಡೆಸಂದಿಯಲ್ಲಿ. ನಿಂತರೆ ಇಲ್ಲ, ಮಲಗಿದರೆ ಇಲ್ಲ. ಕಾಲು ಎತ್ತಿದರೆ ಮಾತ್ರ ಚುಳ್! ಮೆಟ್ಟಿಲಿಗೆ ಎತ್ತಿದರೆ ಚುಳ್, ಮಂಚಕ್ಕೆ ಎತ್ತಿದರೆ ಚುಳ್, ಆಟೋಗೆ ಎತ್ತಿದರಂತೂ ಕೇಳುವುದೇ ಬೇಡ.

ಮಾವ ಸೋಲುವವರೇ? ಆಟೋಗೆ ಬೆನ್ನು ಮಾಡಿ ಮೊದಲು ಕುಳಿತುಬಿಡುವರು. ಆಮೇಲೆ ಹೆಗಲ ಟವೆಲ್ಲನ್ನು ಬಲಪಾದಕ್ಕೆ ಕುಣಿಕೆ ಹಾಕಿ, ಸೇದುವ ಕೊಡದಂತೆ ಕಾಲನ್ನು ಒಳಗೆ ಎಳೆದುಕೊಳ್ಳುವರು. ಸಿರುಗುಪ್ಪದ ಆಟೋದವರಿಗೆ ಇದು ರೂಢಿಯಾಗಿತ್ತು.

"ಸಾಮಾನೆಲ್ಲ ಏರ್ತೇನ್ರಿ ಯಜಮಾನ್ರ?"

"ತಡಿಯಲೇ, ಇನ್ನೊಂದು ಸಾಮಾನು ಐತಿ!"

ಅವರು ನಗುವರು, ಮಾವ ನಗುವರು. ಪಕ್ಕದಲ್ಲಿ ಅತ್ತೆ ಹೊರಗೆ ನೋಡುತ್ತ ಕುಳಿತಿರುವರು.

ನಾನಿರುವುದು ಬಳ್ಳಾರಿಯ ಗಾಂಧಿನಗರದಲ್ಲಿ. ಡಾಕ್ಟರನ್ನು ಕಾಣಲು ಬಂದಾಗಲೆಲ್ಲ ಇಬ್ಬರೂ ನಮ್ಮಲ್ಲೇ ಇಳಿಯುತ್ತಿದ್ದರು. ಡಾಕ್ಟರು ಆದೋನಿ ಕಡೆಯ ತರುಣ. ಕನ್ನಡವನ್ನು ತೆಲುಗಿನಲ್ಲಿ ಅದ್ದಿ ಮಾತಾಡುವವನು. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮೂಳೆ ಹಿಡಿದು ವಿವರಿಸಿದ. ಹೊಟ್ಟೆಯ ಒಳಗಿನಿಂದ ಇಳಿದು ತೊಡೆಗೆ ಹತ್ತುವ ಒಂದು ದಪ್ಪ ಸ್ನಾಯುರಜ್ಜು ಇದೆಯಂತೆ. ನಮ್ಮ ಕಡೆ ಅದಕ್ಕೂ ನರ ಅಂತಲೇ ಹೆಸರು. ಕಾಲು ಎತ್ತುವುದು ಅದರ ಕೆಲಸ. ಹೊಸ ಕೀಲಿನ ಬಟ್ಟಲಿದೆಯಲ್ಲ, ಅದರ ಅಂಚಿಗೆ ಇದು ಉಜ್ಜುತ್ತಿದೆ.

ಮಾವ ಕಣ್ಣು ಕಿರಿದು ಮಾಡಿ ಕೇಳಿದರು. "ಅಂದ್ರ ಡಾಕ್ಟ್ರ, ಬೀಗರು ಬಂದು ಪಡಸಾಲ್ಯಾಗ ಕಾಲು ಚಾಚಿ ಕುಂತಾರ. ಮನಿಯಾಕಿ ಒಳಗ ಹೊರಗ ಓಡಾಡೋವಾಗೆಲ್ಲ ಅವರ ಮೊಣಕಾಲು ತಾಕ್ತೈತಿ. ಹಂಗೇನು?"

"ಹಂಗೇ ಅಂಡಿ!" ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟ. "ಓದೋವಾಗ ನಮ್ಮ ಸಾರು ಹಿಂಗೆ ಹೇಳಿದ್ರೆ ನಾನು ಒಂದೇ ಸಲಕ್ಕೆ ಪಾಸ್ ಆಗ್ತಿದ್ದೆ!"

ಮೊದಲು ವ್ಯಾಯಾಮ ಮಾಡಿಸಿದರು. ಮಾವ ಮಾಡಿದರು, ಅಥವಾ ಮಾಡಿದೆನೆಂದು ಹೇಳಿದರು. ನೋವು ಜಗ್ಗಲಿಲ್ಲ. ಆಮೇಲೆ ಸ್ಕ್ಯಾನಿನಲ್ಲಿ ನೋಡುತ್ತ, ನೇರ ಆ ರಜ್ಜುವಿನ ಪಕ್ಕಕ್ಕೇ ಒಂದು ಇಂಜೆಕ್ಷನ್ ಹಾಕಿದರು. ಅಬ್ಬಾ, ನೋವು ಮಾಯ! ಅದು ಮತ್ತೆ ಬರುವವರೆಗಿನ ದಿನಗಳಲ್ಲಿ ಮಾವ ಸಿರುಗುಪ್ಪದಲ್ಲಿ ಕೆಲಸವಿಲ್ಲದಿದ್ದರೂ ಕಂಡ ಆಟೋಗಳಿಗೆಲ್ಲ ಮುಖ ಮಾಡಿಯೇ ಹತ್ತಿ ಇಳಿದರು. ನೋವು ಮರಳಿತು. ಡಾಕ್ಟರಿಗೆ ಮಾತ್ರ ಸಮಾಧಾನ: ಕಳ್ಳ ಆ ರಜ್ಜುವೇ ಎಂದು ಖಾತ್ರಿಯಾಯಿತಲ್ಲ!

"ಬಟ್ಟಲು ಚೆನ್ನಾಗೇ ಕೂತಿದೆ, ಅದನ್ನ ಮುಟ್ಟೋದು ಬ್ಯಾಡ," ಎಂದ. "ಸಣ್ಣ ರಂಧ್ರ ಮಾಡಿ ಆ ರಜ್ಜು ಕತ್ತರಿಸಿ ಸಡಿಲ ಬಿಡ್ತೀನಿ. ಉಜ್ಜೋದು ನಿಲ್ತದೆ. ಆದ್ರೆ ಅಂಡಿ, ಕಾಲು ಎತ್ತೋ ಬಲ ಕಡಿಮೆ ಆಗ್ತದೆ. ಬಹಳ ಮಂದಿಗೆ ನಿಧಾನಕ್ಕೆ ತಿರುಗಿ ಬರ್ತದೆ. ಎಲ್ಲರಿಗೂ ಪೂರ್ತಿ ಬರ್ತದೆ ಅಂತ ನಾನು ಮಾತು ಕೊಡಲಾರೆ. ನೀವೇ ಯೋಚನೆ ಮಾಡಿ ಹೇಳ್ರಿ."

ನೋವಿರುವ ಬಲಗಾಲೋ, ಬಲವಿಲ್ಲದ ಸುಖದ ಕಾಲೋ? ಮೆಟ್ಟಿಲು, ಬದು, ಕಾಲುವೆ, ಬಸ್ಸು, ಎಲ್ಲವೂ ಈ ಪ್ರಶ್ನೆಯ ಆಚೆ ಇದ್ದವು.

ಮಾವ "ಇದು ಸಂತಿ ಮಾತು. ಈಗ ಖರೇ ಮಾತು ಹೇಳ್ರಿ," ಎಂದು ಹೆಗಲಿನ ಟವೆಲ್ ತೆಗೆದು ಡಾಕ್ಟರ ಬಲಗೈ ಮೇಲೆ ಹೊದಿಸಿಬಿಟ್ಟರು!

ಎತ್ತಿನ ಸಂತೆ ನೋಡದವರಿಗೆ ಒಂದು ಮಾತು. ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನು, ಮಾರುವವನು ಟವೆಲ್ಲಿನ ಮರೆಯಲ್ಲಿ ಕೈ ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದನ್ನೂ ಹಿಡಿದರೆ ಐದು. ಹೆಚ್ಚು ಬೇಕೆಂದರೆ ಬಿಟ್ಟು ಮತ್ತೆ ಹಿಡಿಯಬೇಕು. ಸುತ್ತ ನಿಂತವರಿಗೆ ಬಾಯಿ ಹೇಳುವುದೆಲ್ಲ ಸುಳ್ಳು; ನಿಜ ಇರುವುದು ಟವೆಲ್ಲಿನ ಕೆಳಗೆ.

"ಪೂರ್ತಿ ರೂಪಾಯಿ ಅಂದ್ರ ಹದಿನಾರಾಣಿ. ಅದರಾಗ ಎಷ್ಟಾಣಿ ಭರೋಸಾ? ಬಾಯಿ ಬ್ಯಾಡ. ಕೈ!"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಾಗಿಲಲ್ಲಿ ನರ್ಸಮ್ಮ ಕೆಮ್ಮಿದಳು. ಡಾಕ್ಟರು ಕಂಗಾಲಾಗಿ ನನ್ನ ಕಡೆ ನೋಡಿದ. ನಾನು ಪ್ಲಾಸ್ಟಿಕ್ ಮೂಳೆಯ ಕಡೆ ನೋಡಿದೆ. ಟವೆಲ್ ಒಮ್ಮೆ ಅಲುಗಿತು. ಮಾವನ ಮುಖದಲ್ಲಿ ಏನೂ ಇಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಆತು," ಎಂದರು.

"ಎಷ್ಟು ಹಿಡಿದ್ರು?" ಎಂದು ಅತ್ತೆ ಹೊರಗೆ ಬಂದು ಕೇಳಿದರು. ನಾನೂ ಕೇಳಿದೆ.

"ಟವೆಲ್ ಒಳಗಿಂದು ಟವೆಲ್ ಒಳಗ. ಹೇಳಿದ್ರ ದನಾನೂ ನಗ್ತಾವ."

ಅಲ್ಲಿಂದ ಶುರುವಾಯಿತು ನೋಡಿ ಊರೆಲ್ಲ ಕೇಳುವ ಹುಚ್ಚು! ಮಾಡಿಸಲೋ ಬೇಡವೋ? ಕ್ಷೌರದವನಿಗೆ ಕೇಳಿದರು, ಭತ್ತದ ಮಿಲ್ಲಿನವರಿಗೆ ಕೇಳಿದರು. ಮಂಡಿ ಬದಲಾಯಿಸಿಕೊಂಡ ನಿವೃತ್ತ ಮೇಷ್ಟ್ರೊಬ್ಬರು ಸಲಹೆ ಕೊಡಲು ತಾವಾಗಿಯೇ ಬಂದರೆ, ಅವರನ್ನು ಅಂಗಳದಲ್ಲಿ ನಡೆಸಿ ನೋಡಿ, "ನಿಮಗ ಮೊದಲು ಚಪ್ಪಲಿ ಬದಲಿಸ್ರಿ" ಎಂದು ಕಳಿಸಿದರು. ಸಿರುಗುಪ್ಪದ ಬಸ್ಸಿನ ಕಂಡಕ್ಟರು ಎರಡನೇ ಮಾತಿಲ್ಲದೆ ಹೇಳಿದ: "ಮಾಡಿಸ್ಕಳ್ರಿ ಯಜಮಾನ್ರ. ನೀವು ಇಳಿಯೋಷ್ಟ್ರಾಗ ನನ್ನ ಡ್ಯೂಟಿ ಮುಗಿತೈತಿ!"

ಅತ್ತೆಯ ತವರು ಕುರುಗೋಡು. ಆ ನೋವು ಬಂದಾಗಿನಿಂದ ಸೋಮವಾರಗಳಂದು ಅಲ್ಲಿಯ ಬಸವೇಶ್ವರನಿಗೆ ನಡೆದುಕೊಳ್ಳುತ್ತಿದ್ದರು. ಒಂದು ಸೋಮವಾರ ಮಾವನನ್ನೂ ಎಳೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಆಳೆತ್ತರ ಮೀರಿದ ಕಲ್ಲಿನ ಬಸವಣ್ಣ, ಕಾಲು ಮಡಚಿ ಕುಳಿತಿದ್ದಾನೆ. ಅತ್ತೆ ಕಣ್ಣುಮುಚ್ಚಿ ಬೇಡಿಕೊಳ್ಳುತ್ತಿದ್ದರೆ ಮಾವ ಸೀದಾ ಹಿಂದಕ್ಕೆ ಹೋದರು! ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು.

"ಮೈ ಛಲೋ ಐತಿ. ಡುಬ್ಬ ಛಲೋ ಐತಿ. ಆದ್ರ ಇವ ಎದ್ದಿದ್ದು ಯಾರರ ನೋಡ್ಯಾರೇನು?"

"ಶಿವ ಶಿವಾ, ಏನು ಮಾತಾಡ್ತೀರಿ!" ಅತ್ತೆ ಗಲ್ಲಗಲ್ಲ ಬಡಿದುಕೊಂಡರು.

"ಅಲ್ಲಲೇ, ಇವನಿಗೂ ಎದ್ರ ಚುಳ್ ಅಂತೈತೇನೋ! ಇವನಿಗೇನು ಕೇಳ್ಲಿ ನಾನು?" ಎಂದವರು, ಆದರೂ ಮುಂದೆ ಬಂದು, ಕೈಮುಗಿದು, ತುಟಿ ಅಲುಗಿಸಿ ಏನೋ ಕೇಳಿದರು.

ಗಾಂಧಿನಗರದ ನಮ್ಮ ಅಡುಗೆಮನೆಯಲ್ಲಿ ಮರುದಿನ ರೊಟ್ಟಿ ಬಡಿಯುತ್ತ ಅತ್ತೆ ಅಂದರು: "ಕಂಡಕ್ಟರಿಗೆ ಕೇಳ್ಯಾರ. ಕಲ್ಲಿನ ಬಸವಣ್ಣಗ ಕೇಳ್ಯಾರ. ನನಗೊಬ್ಬಾಕಿಗೆ ಕೇಳಿಲ್ಲಪ. ಒಂದ ಸಲನೂ ಕೇಳಿಲ್ಲ." ಬಡಿಯುವ ಸದ್ದು ಜೋರಾಯಿತು. ಆ ದಿನದ ರೊಟ್ಟಿಗಳು ಕಾಗದದಷ್ಟು ತೆಳ್ಳಗಿದ್ದವು.

ತಡೆಯಲಾರದೆ ನಾನೇ ಡಾಕ್ಟರ ಬಳಿ ಹೋದೆ. "ಅವತ್ತು ಟವೆಲ್ಲಿನ ಕೆಳಗೆ ಎಷ್ಟು ಹೇಳಿದಿರಿ?"

"ಯಾವ ಬೆರಳಿಗೆ ಎಷ್ಟು ಅಂತ ನನಗೇನು ಗೊತ್ತು ಸಾರ್?" ಎಂದ ಆ ತರುಣ. "ಅವರ ಕೈ ನಡುಗುತ್ತಿತ್ತು. ನಮ್ಮ ತಾತನ ಕೈ ಹಂಗೇ ಇತ್ತು. ಅದಕ್ಕೆ ಪೂರ್ತಿ ಕೈ ಹಿಡ್ಕೊಂಡೆ, ಅಷ್ಟೇ."

ಪೂರ್ತಿ ಕೈ. ಒಂದೇ ಸಲ. ನಾನು ಬೆರಳು ಮಡಚಿ ಅವನಿಗೆ ಸಂತೆಯ ಲೆಕ್ಕ ಹೇಳಿದೆ. ಅಂದರೆ ಐದು! ಹದಿನಾರಾಣೆಗೆ ಐದಾಣೆ! ಪ್ರೀತಿಯಿಂದ ಹಿಡಿದ ಕೈಯನ್ನು ಮಾವ ಬೆಲೆ ಅಂದುಕೊಂಡು, ಸಂತೆಯ ಧರ್ಮಕ್ಕೆ ಕಟ್ಟುಬಿದ್ದು, ಯಾರಿಗೂ ಹೇಳದೆ, ಆ ಐದಾಣೆಯನ್ನು ಒಬ್ಬರೇ ಹೊತ್ತುಕೊಂಡು ತಿರುಗುತ್ತಿದ್ದಾರೆ!

"ಐದಾ?" ಡಾಕ್ಟರು ತಲೆ ಮೇಲೆ ಕೈಹೊತ್ತ. "ಅಯ್ಯೋ, ಗೊತ್ತಿದ್ರೆ ಬಿಟ್ಟು ಮತ್ತೆ ಹಿಡೀತಿದ್ದೆ ಸಾರ್! ಹದಿನಾರು ಅನ್ನಲ್ಲ. ಐದಂತೂ ಅಲ್ಲವೇ ಅಲ್ಲ."

ಮನೆಗೆ ಓಡಿಬಂದು, ವರಾಂಡದಲ್ಲಿ ಕುಳಿತಿದ್ದ ಮಾವನಿಗೆ ಎಲ್ಲವನ್ನೂ ಹೇಳಿದೆ. ಬಿದ್ದು ಬಿದ್ದು ನಗುತ್ತಾರೆಂದು ಎಣಿಸಿದ್ದೆ. ನಗಲಿಲ್ಲ. ತಮ್ಮ ಅಂಗೈ ನೋಡಿಕೊಂಡು ಕೇಳಿದರು:

"ನನ್ನ ಕೈ ನಡುಗ್ತಿತ್ತಂತೇನು?"

ಅಂಗೈ ಮಡಚಿ, "ಹಂಗಾರ ಮಾಡಿಸ್ಕಂತೀನಿ," ಎಂದರು.

"ಅತ್ತೆಗೆ ಒಂದು ಮಾತು ಕೇಳ್ರಿ ಮಾವ. ಬೇಜಾರು ಮಾಡ್ಕೊಂಡಾರ."

"ಕೇಳಂಗಿಲ್ಲ," ಎಂದರು. ದನಿ ತಗ್ಗಿತು. "ಲೇ ಅಳಿಯಾ, ಮೊದಲಿನ ಆಪರೇಷನ್ ಆಕಿ ಮಾತಿಗೆ ಮಾಡಿಸಿದೆ. ನಾನು ಚುಳ್ ಅಂದಾಗೆಲ್ಲ ಆಕಿ ಮಾರಿ ಹೆಂಗಾಗ್ತೈತಿ ನೋಡೀಯೇನು? ತಾನ ಚುಚ್ಚಿದಂಗ. ಅದಕ್ಕ ನಾನು ಆಟೋದವರನ್ನ ನಗಸ್ತೀನಿ. ಈಗ ಮತ್ತ ಆಕಿಗೆ ಕೇಳಿದೆ ಅಂದ್ಕ, ಹೂಂ ಅಂದ್ಲು ಅಂದ್ಕ, ಕಾಲು ಏಳಲಿಲ್ಲ ಅಂದ್ಕ. ನಾನರ ಕುರ್ಚಿ ಮ್ಯಾಲೆ ಕುಂದ್ರತೀನಿ. ಆಕಿ ಎಲ್ಲಿ ಕುಂದ್ರಬೇಕು?"

ಮಾವ ಟವೆಲ್ಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಅದಕ್ಕ ಊರಿಗೆಲ್ಲ ಕೇಳೀನಿ. ತಪ್ಪಾದ್ರ ಒಬ್ಬೊಬ್ಬರ ಪಾಲಿಗೆ ಎಳ್ಳಷ್ಟು ಬರ್ತೈತಿ. ಯಾರಿಗೂ ಭಾರ ಆಗಂಗಿಲ್ಲ. ಆಕಿಗೆ ಮಾತ್ರ ಅದು ಬ್ಯಾಡ. ಹೇಳಬ್ಯಾಡ ಮತ್ತ ಆಕಿ ಮುಂದ."

ನಾನು ಹೇಳಲಿಲ್ಲ ಎಂದೇ ನನ್ನ ನೆನಪು. ಅಂದೇ ಸಂಜೆ ಹೇಳಿದೆ ಎನ್ನುತ್ತಾರೆ ಅತ್ತೆ. ಬಾವಿಯೋ ಹುಣಸೆಮರವೋ, ನೀವೇ ಆರಿಸಿಕೊಳ್ಳಿ.

ಕಾಲು ಏನಾಯಿತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಕಥೆಯ ಕಡೆಗೆ ಇಟ್ಟು ಆಟ ಆಡಿಸುವುದು ನನಗೆ ಆಗದು. ನೋವು ಹೋಗಿದೆ. ಬಲ ಪೂರ್ತಿ ಬಂದಿಲ್ಲ. ಆಟೋಗೆ ಮುಖ ಮಾಡಿಯೇ ಹತ್ತುತ್ತಾರೆ, ಕಾಲುವೆಯ ಮುಂದೆ ಮಾತ್ರ ಒಂದು ಗಳಿಗೆ ನಿಂತು ಯೋಚಿಸುತ್ತಾರೆ. ಆದರೆ ನಾನು ಬರೆಯಲು ಕುಳಿತದ್ದು ಇದಕ್ಕಲ್ಲ.

ಆಪರೇಷನ್ನಿನ ಬೆಳಿಗ್ಗೆ. ಹಸಿರು ಅಂಗಿ ತೊಡಿಸಿ ಮಾವನನ್ನು ತಳ್ಳುಮಂಚದ ಮೇಲೆ ಒಯ್ಯುತ್ತಿದ್ದರು. ಬಾಗಿಲು ಇನ್ನೇನು ತೆರೆಯಬೇಕು, ಅತ್ತೆ ಮಂಚದ ಕಂಬಿ ಹಿಡಿದುಬಿಟ್ಟರು.

"ಸ್ವಲ್ಪ ನಿಲ್ರಪಾ." ತಳ್ಳುತ್ತಿದ್ದವನು ನಿಂತ. "ಏನ್ರೀ, ನನಗ ಕೇಳ್ರಿ."

ಮಾವ ಸೂರು ನೋಡಿದರು. "ಏನು ಕೇಳ್ಲಿ?"

"ಊರಿಗೆಲ್ಲ ಏನು ಕೇಳಿದ್ರಿ, ಅದನ್ನ ಕೇಳ್ರಿ."

"ಒಳಗ ಹೊತ್ತಾಗ್ತೈತಿ, ಬಿಡು."

"ಆಗಲಿ. ಕೇಳ್ರಿ."

ನಾನು ಅಷ್ಟು ಸಣ್ಣ ದನಿಯನ್ನು ಮಾವನ ಬಾಯಲ್ಲಿ ಎಂದೂ ಕೇಳಿರಲಿಲ್ಲ.

"ಮಾಡಿಸ್ಕಳ್ಳೇನು?"

"ಹೂಂ. ಮಾಡಿಸ್ಕಳ್ರಿ," ಎಂದರು ಅತ್ತೆ. ಕಂಬಿಯ ಮೇಲಿನ ಕೈ ಬಿಟ್ಟಿರಲಿಲ್ಲ. "ಕೆಟ್ರ ಅರ್ಧ ನಂದು. ನನ್ನ ಪಾಲು ಮಂದಿಗ್ಯಾಕ ಹಂಚ್ತೀರಿ?"

ಮಾವ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯ ಅಂಚಿನಿಂದ ಒಂದು ಹನಿ ಕಿವಿಯ ಕಡೆಗೆ ಇಳಿಯಿತು.

"ತಗೋ ಮತ್ತ," ಎಂದರು.