ಫಾಂಗರ ಸ್ಪೀಕರೂ ಕಸದ ಲಾರಿಯೂ

ಫಾಂಗ್ ವೇ-ತಾಂಗ್ ಅವರಿಗೆ ಈ ಭೂಮಂಡಲದಲ್ಲಿ ಶತ್ರು ಎಂದು ಇದ್ದವನು ಒಬ್ಬನೇ. ಹಳದಿ ಬಣ್ಣದವನು, ದಪ್ಪ ಹೊಟ್ಟೆಯವನು, ಬುಧವಾರ ಭಾನುವಾರ ಬಿಟ್ಟು ಮಿಕ್ಕೆಲ್ಲ ದಿನ ಸಂಜೆ ಏಳೂವರೆಗೆ ಪಿಯಾನೋ ನುಡಿಸುತ್ತ ತೈನಾನಿನ ಅವರ ಗಲ್ಲಿಗೆ ನುಗ್ಗುವವನು. ಅವನೇ ಕಸದ ಲಾರಿ.

ಏಳೂವರೆ ಎಂದರೆ ಫಾಂಗರು ಮಹಡಿಯ ‘ಶ್ರವಣ ಮಂದಿರ’ದಲ್ಲಿ ಕಣ್ಣು ಮುಚ್ಚಿ ಕೂತಿರುವ ಹೊತ್ತು. (ಮೊದಲು ಅದು ಮಗಳ ಕೋಣೆ. ಅವಳು ಮದುವೆಯಾಗಿ ಹೋದ ಮಾರನೆಯ ದಿನವೇ ಮಂಚ ಹೊರಗೆ ಬಂತು, ಸ್ಪೀಕರ್ ಒಳಗೆ ಹೋಯಿತು.) ಆಳೆತ್ತರದ ಎರಡು ಸ್ಪೀಕರು, ಗರ್ಭಗುಡಿಯ ದೀಪದಂತೆ ಮಿನುಗುವ ವಾಲ್ವಿನ ಆಂಪ್ಲಿಫೈಯರು, ಹೆಬ್ಬಾವಿನಷ್ಟು ದಪ್ಪದ ವೈರು. ಗಾಯಕಿ ಉಸಿರೆಳೆದುಕೊಂಡು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕೆಳಗಿನಿಂದ ಹೆಂಡತಿ ಶಿಯು-ಚಿನ್ ಬಾಯಿ ತೆರೆಯುತ್ತಿದ್ದರು.

“ರೀ, ಕಸ!”

ಚೀಲವನ್ನು ಬೀದಿಯಲ್ಲಿಟ್ಟು ಬಂದರೆ ದಂಡ. ಲಾರಿ ಹಾಡುತ್ತ ಬಂದಾಗ ಖುದ್ದು ಓಡಿಹೋಗಿ ಅದರ ಬಾಯಿಗೆ ಎಸೆಯಬೇಕು, ತಡವಾದರೆ ಅದು ಕಾಯುವ ಪೈಕಿಯಲ್ಲ. ಹೀಗಾಗಿ ಸಂಗೀತಲೋಕದ ಮಹಾಮಹಿಮರಾದ ಫಾಂಗರು ದಿನವೂ ಒಂದು ಕೈಯಲ್ಲಿ ಮೀನಿನ ಮುಳ್ಳಿನ ಬಕೆಟ್ಟು, ಇನ್ನೊಂದರಲ್ಲಿ ಕಸದ ಚೀಲ ಹಿಡಿದು, ಮೂಗು ಕಿವಿ ಎರಡನ್ನೂ ಹೇಗೆ ಮುಚ್ಚಿಕೊಳ್ಳುವುದೆಂದು ತಿಳಿಯದೆ ನಿಲ್ಲುತ್ತಿದ್ದರು.

ಮಹಾಮಹಿಮರು ಎಂದದ್ದು ಬರೀ ಮಾತಿಗಲ್ಲ. ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಫೇಸ್‌ಬುಕ್ಕಿನಲ್ಲಿ ಒಂದು ಪುಟ ನಡೆಸುತ್ತಿದ್ದರು. ಯಾವ ವೈರಿನಲ್ಲಿ ಪಿಟೀಲು ‘ಬೆಚ್ಚಗೆ’ ಕೇಳುತ್ತದೆ, ಯಾವ ಹಳೆಯ ಬ್ಯಾಂಡಿನವರು ಜಗಳ ಮರೆತು ಒಂದಾದರು, ಒಂದಾದ ವಾರಕ್ಕೇ ಯಾರು ಯಾರ ಮೇಲೆ ಕೇಸು ಜಡಿದರು, ಎಲ್ಲವೂ ಅಲ್ಲಿ ನ್ಯಾಯಾಧೀಶರ ಗತ್ತಿನಲ್ಲಿ ಪ್ರಕಟವಾಗುತ್ತಿತ್ತು. ಓದುವವರು ನಾನೂರು ಚಿಲ್ಲರೆ ಜನ. ಅವರಲ್ಲಿ ಸಾಕ್ಷಾತ್ ಔಯಾಂಗ್ ಮೇಷ್ಟ್ರೂ ಒಬ್ಬರು. ಈ ಮೇಷ್ಟ್ರು ತೈಚುಂಗಿನಿಂದ ಹೊರಡುವ ಆಡಿಯೋ ಪತ್ರಿಕೆಯೊಂದರ ವಿಮರ್ಶಕರು. ಅವರು ತಲೆಯಾಡಿಸಿದರೆ ಸ್ಪೀಕರ್ ಮಾರಾಟವಾಗುತ್ತಿತ್ತು, ಹುಬ್ಬು ಗಂಟಿಕ್ಕಿದರೆ ಅಂಗಡಿ ಮುಚ್ಚುತ್ತಿತ್ತು.

ಆ ಜೂನ್ ತಿಂಗಳಲ್ಲಿ ಒಂದು ಸುದ್ದಿ ಬಂತು. ಗಾಯಕಿ ಪಾಯ್ ಲಾನ್-ಶಿನ್ ಕಾವ್‌ಶಿಯುಂಗ್ ಊರಿನ ಕ್ರೀಡಾಂಗಣದಲ್ಲಿ ತಮ್ಮ ವಿದಾಯದ ಕಾರ್ಯಕ್ರಮ ಕೊಡುತ್ತಾರಂತೆ. (ಇದು ಅವರ ಮೂರನೆಯ ವಿದಾಯ. ಹಿಂದಿನ ಎರಡರಲ್ಲೂ ಅಭಿಮಾನಿಗಳು ಬಿಕ್ಕಿ ಬಿಕ್ಕಿ ಅತ್ತಿದ್ದರು.) ಫಾಂಗರು ಊಟದ ಮೇಜಿನಲ್ಲಿ ಇದನ್ನು ಓದಿ ಹೇಳಿದ್ದೇ ತಪ್ಪಾಯಿತು. ಶಿಯು-ಚಿನ್ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು.

“ನಾವೂ ಹೋಗೋಣ ಕಣ್ರೀ. ಬೂಟ್ಸು ಫ್ಯಾಕ್ಟರೀಲಿ ಅಂಟು ಹಚ್ತಾ ಕೂತಿರೋವಾಗ ದಿನಾ ರೇಡಿಯೋದಲ್ಲಿ ಅವಳದೇ ಹಾಡು. ಅಂಟಿನ ವಾಸನೆ, ಅವಳ ದನಿ, ಎರಡೇ ನೆನಪಿರೋದು ನನಗೆ. ಒಂದ್ಸಲ ಎದುರಿಗೆ ಕೂತು ಕೇಳ್ಬೇಕು.”

“ಎದುರಿಗೆ? ಅಲ್ಲಿ ಅವಳು ಇರುವೆ ಥರ ಕಾಣ್ತಾಳೆ. ಸದ್ದು ಗೋಡೆಗೆಲ್ಲ ಬಡಿದು ಹಿಟ್ಟಾಗಿ ಬರುತ್ತೆ. ನಮ್ಮ ಮಹಡೀಲಿ ಆದ್ರೆ ನಿನ್ನ ಮೂಗಿನ ಮುಂದೇ ನಿಂತು ಹಾಡ್ತಾಳೆ.”

“ಮೆಷೀನು ಮೆಷೀನೇ, ಮನುಷ್ಯರು ಮನುಷ್ಯರೇ. ಕಿವಿ ಇದ್ದೋರಿಗೆ ಗೊತ್ತಾಗುತ್ತೆ.”

ಫಾಂಗರಿಗೆ ಇದಕ್ಕಿಂತ ಖಾರದ ಬೈಗುಳ ಬೇರೆ ಬೇಕಿರಲಿಲ್ಲ. ಅದೂ ಅಲ್ಲದೆ, ‘ಬಟ್ಟೆ ನೋಡುವವರು ಕಾರ್ಯಕ್ರಮಕ್ಕೆ ಹೋಗಲಿ, ಹಾಡು ಕೇಳುವವರು ಮನೆಯಲ್ಲಿರಲಿ’ ಎಂದು ಆಗಷ್ಟೇ ಪುಟದಲ್ಲಿ ಘೋಷಿಸಿಬಿಟ್ಟಿದ್ದರು. ಅದನ್ನು ಔಯಾಂಗ್ ಮೇಷ್ಟ್ರೇ ಹೊಗಳಿದ್ದರು. ಈಗ ಹೆಂಡತಿಯ ಸೆರಗು ಹಿಡಿದು ಕ್ರೀಡಾಂಗಣಕ್ಕೆ ಹೋದರೆ ಮುಖ ಎಲ್ಲಿಡುವುದು?

“ನನ್ನ ಮೆಷೀನು ಯಾವುದು, ಅಸಲಿ ಯಾವುದು ಅಂತ ನಿನಗೆ ಗೊತ್ತಾಗದ ಹಾಗೆ ಮಾಡಿದ್ರೆ?”

“ನನ್ನ ಕಿವಿಗೆ ಹೂ ಇಡ್ತೀರಾ? ಇಡಿ ನೋಡೋಣ. ನಾನು ಮೋಸ ಹೋದ್ರೆ ಟಿಕೆಟ್ಟಿನ ಮಾತೇ ಎತ್ತಲ್ಲ. ಹೋಗ್ಲಿಲ್ವೋ, ಬಾಯಿ ಮುಚ್ಕೊಂಡು ನನ್ನ ಜೊತೆ ಬರ್ತೀರಿ.”

ಪಂದ್ಯವೇನೋ ಆಯಿತು. ಆದರೆ ಪಾಯ್ ಲಾನ್-ಶಿನ್ ಹಾಡು ಹಾಕಿದರೆ ಆಕೆ ನಿಜವಾಗಿ ಮಹಡಿಗೆ ಬಂದಿದ್ದಾರೆಂದು ಯಾವ ಹೆಂಗಸು ನಂಬುತ್ತಾಳೆ? ಫಾಂಗರು ಎರಡು ದಿನ ತಲೆ ಕೆರೆದುಕೊಂಡರು. ಮೂರನೆಯ ದಿನ ಸಂಜೆ ಕಸದ ಚೀಲ ಎಸೆಯುವಾಗ ಜ್ಞಾನೋದಯವಾಯಿತು. ಇಡೀ ಗಲ್ಲಿಯ ಕಿವಿಗಳು ಯಾವ ಸದ್ದಿಗೆ ಕಾದಿರುತ್ತವೋ ಅದೇ ಸದ್ದು! ಶತ್ರುವೇ ಅಸ್ತ್ರವಾದ.

ಮಾರನೆಯ ಸಂಜೆ ಅವರು ಪಕ್ಕದ ಬೀದಿಯಲ್ಲಿ ನೂಡಲ್ಸ್ ಗಾಡಿಯ ಹಿಂದೆ ಅವಿತು, ತುಪ್ಪಳದ ಟೋಪಿ ಹಾಕಿದ ಮೈಕು ಹಿಡಿದು ಲಾರಿಯ ಸದ್ದನ್ನು ರೆಕಾರ್ಡ್ ಮಾಡಿದರು. ಸಾಲದೆಂದು ಸ್ಕೂಟರಿನಲ್ಲಿ ಮುಂದಿನ ತಿರುವಿಗೂ ಹೋದರು, ಅದರ ಮುಂದಿನದಕ್ಕೂ ಹೋದರು. ಲಾರಿಯ ಹಿಂದೆ ನೇತಾಡುತ್ತಿದ್ದ ಕೆಲಸಗಾರ ತಡೆಯಲಾರದೆ ಕೇಳಿದ.

“ಯಜಮಾನ್ರೇ, ಆಗಿಂದ ಹಿಂದೇನೇ ಬರ್ತಿದೀರಾ. ಕಸ ಎಲ್ಲಿ?”

“ಕಸ ಇಲ್ಲಪ್ಪಾ. ಬರೀ ಕೇಳೋಕೆ ಬಂದೆ.”

ಅವನು ತಾನು ತೊಟ್ಟಿದ್ದ ಕೈಗವಸಿನಿಂದಲೇ ಹಣೆ ಒರೆಸಿಕೊಂಡು, ವಯಸ್ಸಾದವರನ್ನು ನೋಡುವ ಕನಿಕರದಿಂದ ನೋಡಿದ.

ಮಂಗಳವಾರ ತೀರ್ಪುಗಾರರಾಗಿ ಔಯಾಂಗ್ ಮೇಷ್ಟ್ರು ತೈಚುಂಗಿನಿಂದ ಬಂದರು. ಕೆಳಗೆ ಶಿಯು-ಚಿನ್ ಮೀನಿನ ಹುರುಪೆ ತೆಗೆಯುತ್ತಿದ್ದರು. ಫಾಂಗರು ಮೇಷ್ಟ್ರನ್ನು ತಮ್ಮ ಖಾಸಾ ಕುರ್ಚಿಯಲ್ಲಿ ಕೂರಿಸಿ, ಸೀಬೆಹಣ್ಣಿನ ತಟ್ಟೆ ಕೈಗಿತ್ತು, ಒಂದು ಹಳೆಯ ಹಾಡು ಹಾಕಿದರು. ಏನು ಪರೀಕ್ಷೆ ಎಂಬುದನ್ನು ಮಾತ್ರ ಹೇಳಲಿಲ್ಲ.

“ಗಾಳಿ ಇದೆ,” ಎಂದರು ಮೇಷ್ಟ್ರು ಕಣ್ಣು ಮುಚ್ಚಿ. “ಆದರೆ ಗಾಳಿಯಲ್ಲಿ ತೇವ ಸಾಲದು, ಫಾಂಗ್.”

ಫಾಂಗರು ವಿನಯದಿಂದ ತಲೆಬಾಗಿ, ಗಲ್ಲಿಯ ಕಡೆಯ ಕಿಟಕಿಗಳನ್ನೆಲ್ಲ ತೆರೆದರು. ಗಡಿಯಾರ ಏಳು ತೋರಿಸುತ್ತಿತ್ತು. ಗುಂಡಿ ತಿರುಗಿಸಿದರು.

ದೂರದಲ್ಲಿ, ಬಲಗಡೆಯ ಸ್ಪೀಕರಿನ ಆಚೆ ಎಲ್ಲೋ, ಲಾರಿ ಗುರುಗುಟ್ಟಿತು. ಪಿಯಾನೋ ಶುರುವಾಯಿತು. ಸದ್ದು ಹತ್ತಿರ ಬಂತು, ಬ್ರೇಕು ಕಿರುಗುಟ್ಟಿತು, ಕಸ ನುಂಗುವ ಯಂತ್ರ ನರಳಿತು. ಮೇಷ್ಟ್ರ ಕಣ್ಣು ಫಕ್ಕನೆ ತೆರೆಯಿತು. ಗಾಳಿ, ತೇವ ಏನನ್ನೂ ಅವರು ಹೇಳಲಿಲ್ಲ.

“ಅಯ್ಯೋ, ಕಸ!” ಎಂದು ಚೀರಿ, ಸೀಬೆಹಣ್ಣಿನ ಸಿಪ್ಪೆಯ ತಟ್ಟೆ ಸಮೇತ ಧಡಧಡ ಮೆಟ್ಟಿಲಿಳಿದು ಓಡಿದರು. ಪಾಪ, ತೈಚುಂಗಿನಲ್ಲಿ ಅವರಿಗೂ ಹೆಂಡತಿ ಇದ್ದಾರೆ.

ಫಾಂಗರು ಕಿಟಕಿಗೆ ಹಾರಿದರು. ಕೆಳಗೆ ಜಾತ್ರೆ ನೆರೆದಿತ್ತು. ಎದುರು ಮನೆಯ ಲಿಯಾವೊ ಅಜ್ಜಿ ಒಂದೇ ಚಪ್ಪಲಿಯಲ್ಲಿ ಬಕೆಟ್ಟು ಎಳೆಯುತ್ತಿದ್ದರು. ಕ್ಷೌರಿಕ ಕು ಚೀಲದೊಂದಿಗೆ ಬಂದಿದ್ದ, ಅವನ ಗಿರಾಕಿ ಅರ್ಧ ಕೆನ್ನೆಯ ಸೋಪಿನ ನೊರೆಯೊಂದಿಗೆ ಇನ್ನೊಂದು ಚೀಲ ಹಿಡಿದಿದ್ದ. ಎಲ್ಲರಿಗಿಂತ ಮುಂದೆ, ಮೊಣಕೈವರೆಗೂ ಮೀನಿನ ಹುರುಪೆ ಅಂಟಿಸಿಕೊಂಡು, ಗಲ್ಲಿಯ ಬಾಯಿಯತ್ತ ಕತ್ತು ಚಾಚಿ ನಿಂತವರು ಶಿಯು-ಚಿನ್.

“ಗೆದ್ದೆ!” ಎಂದು ಫಾಂಗರು ಕಿಟಕಿಯಿಂದ ಎರಡೂ ಕೈ ಎತ್ತಿದರು. “ಅದು ಲಾರಿ ಅಲ್ಲ, ನನ್ನ ಸ್ಪೀಕರು!”

ಎಲ್ಲರ ಮುಖ ಒಟ್ಟಿಗೆ ಮೇಲಕ್ಕೆ ತಿರುಗಿತು.

“ಲೋ ವೇ-ತಾಂಗ್!” ಎಂದರು ಲಿಯಾವೊ ಅಜ್ಜಿ. “ನೀನು ಚಡ್ಡಿ ಇಲ್ದೆ ಓಡಾಡ್ತಿದ್ದಾಗಿಂದ ನೋಡಿದೀನಿ ಕಣೋ. ಇಷ್ಟು ಪೆದ್ದ ಅಂತ ಗೊತ್ತಿರ್ಲಿಲ್ಲ!”

ಶಿಯು-ಚಿನ್ ಏನೂ ಬೈಯಲಿಲ್ಲ. ಚೀಲಗಳನ್ನು ಒಳಗೆ ತಂದಿಟ್ಟು ಕೈ ತೊಳೆದುಕೊಂಡರು. “ಸೋತೆ ಬಿಡಿ,” ಎಂದರು. “ಇನ್ನು ಟಿಕೆಟ್ ಕೇಳಲ್ಲ.” ಫಾಂಗರು ನಿಂತು ಒಂದು ಮಾತಾಡಬಹುದಿತ್ತು. ಆದರೆ ಪುಟದಲ್ಲಿ ವಿಜಯವಾರ್ತೆ ಬರೆಯುವ ಅವಸರ. ಮೇಷ್ಟ್ರೋ, ರೈಲಿಗೆ ಹೊತ್ತಾಯಿತೆಂದು ತಟ್ಟೆಯನ್ನು ಬಾಗಿಲಲ್ಲಿಟ್ಟು ಮಾಯವಾಗಿದ್ದರು.

ಏಳೂವರೆಗೆ ನಿಜವಾದ ಲಾರಿ ಬಂತು. ಪಿಯಾನೋ ನುಡಿಸಿತು. ಒಂದು ಬಾಗಿಲೂ ತೆರೆಯಲಿಲ್ಲ.

“ಮತ್ತೆ ಶುರು ಹಚ್ಕೊಂಡ ನೋಡು ಪೆದ್ದ!” ಎಂದು ಲಿಯಾವೊ ಅಜ್ಜಿ ಒಳಗಿನಿಂದಲೇ ಕೂಗಿದರು. “ನಿಲ್ಸಿ ಮಾವ ಅದನ್ನ, ಕೈ ನಡುಗಿ ಗಿರಾಕಿ ಕಿವಿ ಹೋಗುತ್ತೆ!” ಎಂದು ಕು ಅರಚಿದ. ಫಾಂಗರು ಮೆಷೀನು ಆರಿಸಿ ಎಷ್ಟೋ ಹೊತ್ತಾಗಿತ್ತು. ಇದು ಅಸಲಿ ಲಾರಿ ಇರಬಹುದೆಂಬ ಅನುಮಾನ ಅವರಿಗೂ ಬರಲಿಲ್ಲ. ‘ಎಂಥ ಸಹಜತೆ! ಆರಿಸಿದ ಮೇಲೂ ನಾದ ಕಿವಿಯಲ್ಲಿ ನಿಂತಿದೆ’ ಎಂದು ಪುಟಕ್ಕೆ ಒಂದು ಸಾಲು ಸೇರಿಸಿದರು. ಲಾರಿ ಖಾಲಿ ಹೊಟ್ಟೆಯಲ್ಲಿ ಹೊರಟುಹೋಯಿತು.

ಬುಧವಾರ ಲಾರಿ ಇಲ್ಲ. ಜೂನ್ ತಿಂಗಳ ಸೆಕೆಗೆ ಮನೆಮನೆಯ ಮೀನಿನ ಕರುಳು, ಸೀಗಡಿ ಚಿಪ್ಪು, ಪರಂಗಿ ಸಿಪ್ಪೆಗಳು ಬಾಯಿ ತೆರೆದವು. ಗುರುವಾರ ಲಾರಿ ಬಂದಾಗಲೂ ಅರ್ಧ ಗಲ್ಲಿ ಹೊರಗೆ ಬರಲಿಲ್ಲ. ಬಂದವರು “ಇದು ಅಸಲೀನೋ ಅವನ್ದೋ?” ಎಂದು ಬಾಗಿಲಲ್ಲೇ ಚರ್ಚೆಗೆ ನಿಂತರು. ಕೊನೆಗೆ ವಾರ್ಡಿನ ಮುಖಂಡೆ ಸುನ್ ಮೂಗಿಗೆ ಕರವಸ್ತ್ರ ಹಿಡಿದೇ ಪಂಚಾಯ್ತಿ ಮಾಡಿದರು. ಜನಕ್ಕೆ ಲಾರಿಯ ಮೇಲೆ ಮತ್ತೆ ನಂಬಿಕೆ ಬರುವ ತನಕ ಫಾಂಗರು ದಿನವೂ ಸಂಜೆ ಗಲ್ಲಿಯ ಬಾಯಲ್ಲಿ ನಿಂತು, ಲಾರಿಯನ್ನು ಕಣ್ಣಾರೆ ಕಂಡು, “ಅಸಲಿ ಬಂತು!” ಎಂದು ಕೂಗಿ ಹೇಳತಕ್ಕದ್ದು.

ಹೀಗೆ ಮಹಾಮಹಿಮರು ಕೂಗುಮಾರಿಯಾದರು. ಪುಟದಲ್ಲಿ ಮಾತ್ರ ಈ ಸುದ್ದಿ ಬರಲಿಲ್ಲ.

ಮುಂದಿನ ವಾರ ಔಯಾಂಗ್ ಮೇಷ್ಟ್ರ ಫೋನು ಬಂತು. ಫಾಂಗರಿಗಲ್ಲ, ಶಿಯು-ಚಿನ್‌ಗೆ.

“ಅತ್ತಿಗೆ, ನಾನು ತಟ್ಟೆ ಹಿಡ್ಕೊಂಡು ಓಡಿದ್ದು ನಮ್ಮ ಪತ್ರಿಕೆಯವರಿಗೆ ತಿಳೀಬಾರದು. ಪಾಯ್ ಲಾನ್-ಶಿನ್ ಕಾರ್ಯಕ್ರಮಕ್ಕೆ ಪತ್ರಕರ್ತರ ಸೀಟು ಎರಡಿದೆ. ಮುಂದಿನ ಸಾಲು. ಕಳಿಸ್ಲಾ?”

ಟಿಕೆಟ್ಟು ಮೇಜಿನ ಮೇಲೆ ಬಂದು ಬಿದ್ದಾಗ ಫಾಂಗರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಮುಂದಿನ ಸಾಲು! ಹರೆಯದಲ್ಲಿ ಕಡ್ಡಾಯ ಸೈನ್ಯಸೇವೆಯಲ್ಲಿದ್ದಾಗ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದ ಚಿತ್ರ ಪಾಯ್ ಲಾನ್-ಶಿನ್‌ದೇ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

“ಎರಡಿದೆ ಅಂದ್ಮೇಲೆ…” ಎಂದು ಗಂಟಲು ಸರಿಮಾಡಿಕೊಂಡರು. “ನಿನ್ನ ಜೊತೆಗೆ ಯಾರಾದ್ರೂ ಬೇಕಲ್ಲ.”

“ಲಿಯಾವೊ ಅಜ್ಜಿ ಬರ್ತಾರೆ.”

“ನಾನು?”

“ನಿಮಗ್ಯಾಕ್ರೀ? ಅದು ಬಟ್ಟೆ ನೋಡೋರು ಹೋಗೋ ಜಾಗ ಅಂತ ನೀವೇ ಬರೆದಿದೀರಿ. ಮೆಷೀನಿಗೂ ಅಸಲಿಗೂ ವ್ಯತ್ಯಾಸ ಇಲ್ಲ ಅಂತ ಊರಿಗೆಲ್ಲ ತೋರಿಸಿದ್ದೂ ಆಯ್ತು. ಅದೂ ಅಲ್ದೆ ಶನಿವಾರ ನೀವು ಬಂದ್ರೆ ಗಲ್ಲೀಲಿ ಕೂಗೋರ್ಯಾರು?”

ಶನಿವಾರ ಶಿಯು-ಚಿನ್ ಮಗಳ ಮದುವೆಗೆ ಹೊಲಿಸಿದ್ದ ಹೂವಿನ ಅಂಗಿ ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಲಿಯಾವೊ ಅಜ್ಜಿಯ ಕೈ ಹಿಡಿದು ರೈಲಿಗೆ ಹೊರಟರು. ಬಹಳ ಚೆನ್ನಾಗಿ ಕಾಣುತ್ತಿದ್ದರು. ಫಾಂಗರಿಗೆ ಅದನ್ನು ಹೇಳಬೇಕೆನಿಸಿತು, “ರೈಲಿನಲ್ಲಿ ಏಸಿ ಜಾಸ್ತಿ ಇರುತ್ತೆ” ಎಂದಷ್ಟೇ ಹೇಳಿದರು.

ಏಳು ಗಂಟೆ ದಾಟುತ್ತಲೇ ಗಲ್ಲಿಯ ಬಾಯಿಗೆ ಹೋಗಿ ನಿಂತರು. ಹಿಂದೆ ಪ್ರತಿ ಬಾಗಿಲಲ್ಲೂ ಚೀಲಗಳು ತಯಾರಾಗಿದ್ದವು. ಲಾರಿಯ ಹೊತ್ತಿಗೆ ಸರಿಯಾಗಿ ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ಕೇಳಿಸ್ತಿದ್ಯೇನ್ರೀ? ಶುರುವಾಯ್ತು! ಫೋನು ಎತ್ತಿ ಹಿಡಿದಿದೀನಿ, ಕೇಳಿ!”

ಬಂದದ್ದು ಒಡಕು ತಗಡಿನ ಸದ್ದು. ಮೂಲ ದನಿ ಎಲ್ಲೋ ಪಾತಾಳದಲ್ಲಿ. ಅದರ ಮೇಲೆ ಸಾವಿರಾರು ಜನರ ಕಿರುಚಾಟ, ಅದರ ಮೇಲೆ ಲಿಯಾವೊ ಅಜ್ಜಿಯ ಚಪ್ಪಾಳೆ, ಎಲ್ಲದರ ಮೇಲೆ ಶಿಯು-ಚಿನ್ ಶ್ರುತಿ ತಪ್ಪಿ, ಅಳುತ್ತ ಜೊತೆಗೆ ಹಾಡುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಹಾಡಿದ್ದನ್ನು ಫಾಂಗರು ಕೇಳಿರಲಿಲ್ಲ. ಅವರು ಕಣ್ಣು ಮುಚ್ಚಿದರು. ಗಾಳಿ ಇದೆಯೋ, ತೇವ ಇದೆಯೋ ನೋಡಲು ಹೋಗಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು, ನಡುರಸ್ತೆಯಲ್ಲಿ ಸುರಿಯುವ ಕಣ್ಣೀರಿನೊಂದಿಗೆ ನಿಂತುಬಿಟ್ಟರು.

ಕಣ್ಣು ತೆರೆದಾಗ ಲಾರಿಯ ಹಳದಿ ಬೆನ್ನು ಮುಂದಿನ ತಿರುವಿನಲ್ಲಿ ಮರೆಯಾಗುತ್ತಿತ್ತು.

ಗಲ್ಲಿಯವರು ಹೊರಬಂದರು. ಕು ಅಂಗಿಯ ತೋಳು ಮಡಚಿಕೊಂಡೇ ಬಂದ, ಅಳುತ್ತಿರುವ ಮುದುಕರನ್ನು ನೋಡಿ ತೋಳು ಇಳಿಸಿದ. ಹಾಡು ಮುಗಿಯುವ ತನಕ ಯಾರೂ ಬೈಯಲಿಲ್ಲ. ಮುಗಿದ ಮೇಲೂ ಬೈಯಲಿಲ್ಲ. ಒಬ್ಬೊಬ್ಬರಾಗಿ ತಮ್ಮ ತಮ್ಮ ಚೀಲ ತಂದು ಫಾಂಗರ ಮನೆಯ ಬಾಗಿಲಿಗೆ ಒರಗಿಸಿ ಹೋದರು. ಮಾರನೆಯ ದಿನ ಭಾನುವಾರ, ಲಾರಿ ಇಲ್ಲ.

ಫೋನಿನಲ್ಲಿ ಶಿಯು-ಚಿನ್ ಮೂಗು ಸೀಟಿಕೊಂಡು ಕೇಳಿದರು. “ರೀ, ಹೇಗಿತ್ತು? ಹ್ಞಾಂ, ಕಸ ಹೋಯ್ತು ತಾನೇ?”

ಫಾಂಗರು ಎದೆಯೆತ್ತರಕ್ಕೆ ಬೆಳೆದಿದ್ದ ಚೀಲಗಳ ರಾಶಿಯನ್ನು ನೋಡಿದರು.

“ಏನೂ ಕೇಳಿಸ್ತಿಲ್ಲ ಕಣೇ,” ಎಂದರು. “ನಿನ್ನ ಫೋನಿನ ಸೌಂಡು ಸರಿಯಿಲ್ಲ.”