ಒಣ ಊಟ, ಹಸಿ ಊಟ ಮತ್ತು ನಮ್ಮ ಓಣಿ

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದು ಊರಲ್ಲಿ ಬಹಳ ಮಂದಿ ಮನಸ್ಸಿನಲ್ಲೇ ಅಂದುಕೊಂಡಿದ್ದರು. ಬಾಯಿ ಬಿಟ್ಟು ಹೇಳಿದವರು ಮಾತ್ರ ನಮ್ಮ ಚನ್ನಪ್ಪ ಕಾಕಾ ಒಬ್ಬರೇ. ಕಾಕಾ ಎಂದರೆ ಅಪ್ಪನ ತಮ್ಮ. ಕುಂದಗೋಳದ ಬಾಜೂ ಇರುವ ನಮ್ಮೂರಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ, ಅದರ ಘಾಟು ಮಾತಿಗೂ ಕೊಂಚ ಹತ್ತಿದೆ. ಅಪ್ಪ ಹೊಲದಲ್ಲಿ ಎತ್ತುಗಳ ಜೊತೆ ಎಷ್ಟು ಮಾತಾಡುತ್ತಾನೋ ನನಗೆ ತಿಳಿಯದು. ಮನೆಯಲ್ಲಂತೂ ತಾಟಿನ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಅನ್ನುವುದೇ ಅವನ ದಿನದ ಭಾಷಣ. ಹಾಗಾಗಿ ಮನೆಯ ತೀರ್ಪುಗಳೆಲ್ಲ ಕಾಕಾನ ಬಾಯಿಂದಲೇ ಹೊರಡಬೇಕು. ಹುಬ್ಬಳ್ಳಿಯ ಕಾಲೇಜಿನಲ್ಲಿ ನಾನು ಬಿಎಸ್‌ಸಿಗೆ ಹೆಸರು ಹಚ್ಚಿದ ದಿನ ಅವರು ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವಂತೆ ಹೇಳಿದರು: “ನಮ್ಮ ಮನಿತನದಾಗ ಹತ್ತನೇ ಇಯತ್ತೆ ದಾಟಿದವ್ರ ಇಲ್ಲ, ಈಕಿ ಡಿಗ್ರಿ ಮಾಡತಾಳಂತ! ಎರಡ ತಿಂಗಳ ಬಸ್ಸಿನ್ಯಾಗ ನಿಂತು ಹೋಗಿ ಬರ್ಲಿ, ಕಾಲ ನೋವಿಗೆ ತಾನ ಬಿಡತಾಳ ನೋಡ್ರಿ.” ಇಂಥವರೊಬ್ಬರು ಪ್ರತಿ ಮನೆಯಲ್ಲೂ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆನ್ನು ತಟ್ಟುವವರಿದ್ದರೆ ಮನುಷ್ಯ ಕೊಂಚ ಆರಾಮಾಗುತ್ತಾನೆ. ‘ಆಗೂದಿಲ್ಲ’ ಅನ್ನುವವರಿದ್ದರೆ ನಿಂತು ನಿಂತು ಕಾಲು ಬಾತರೂ ಮನೆಗೆ ಬರುವಾಗ ಸೆಟೆದು ನಡೆಯಬೇಕಾಗುತ್ತದೆ.

ಹಾಗೆ ಸೆಟೆದು ನಡೆಯುತ್ತಲೇ ಕೊನೆಯ ಸೆಮಿಸ್ಟರ್ ಮುಟ್ಟಿದೆ. ಅಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಉತ್ತರ ಹೇಳಬೇಕು, ಅದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. ‘ಒಂದ ಸಲ ಫೇಲಾದ್ರ ಕಾಲೇಜ್ ಬಂದ್’ ಎಂದು ಕಾಕಾ ಮೊದಲೇ ಸಾರಿದ್ದರು, ಅದಕ್ಕೆ ಅಪ್ಪ ‘ಹೂಂ’ ಅಂದಿದ್ದ. ಮಾತೇ ಆಡದವನು ‘ಹೂಂ’ ಅಂದನೆಂದರೆ ಅದರ ಮೇಲೆ ಅಪೀಲಿಲ್ಲ. ವಿಷಯ ಹಂಚುವ ದಿನವೇ ಬಸ್ಸು ಕೆಟ್ಟು ನಿಂತಿತು. ನಾನು ಏದುಸಿರು ಬಿಡುತ್ತ ಒಳಗೆ ಹೋಗುವಷ್ಟರಲ್ಲಿ ಚಿಟ್ಟೆ, ಕೆರೆಯ ಮೀನು, ಜೇನುಹುಳ ಎಲ್ಲ ಖರ್ಚಾಗಿ, ಸಂತೆ ಎದ್ದ ಮೇಲಿನ ಬಾಡಿದ ಬದನೆಕಾಯಿಯಂತೆ ಒಂದು ವಿಷಯ ಉಳಿದಿತ್ತು: ನಾಯಿಗಳಿಗೆ ಕಾರ್ಖಾನೆಯ ಒಣ ಆಹಾರ ಒಳ್ಳೆಯದೋ, ತಾಜಾ ಹಸಿ ಆಹಾರ ಒಳ್ಳೆಯದೋ. ವಿಷಯ ಹಂಚಿದ ನಮ್ಮ ಮೇಡಂ ಮನೆಯಲ್ಲಿ ಬಿಳಿ ಜೂಲಿನ ನಾಯಿಯೊಂದಿದೆ, ಅದರ ಊಟದ ಸಲುವಾಗಿ ಮೇಡಂಗೂ ಅವರ ಯಜಮಾನರಿಗೂ ದಿನಾ ವಾದ ನಡೆಯುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಒಂದು ಸಂಸಾರದ ಜಗಳ ತೀರಿಸುವ ಹೊಣೆ ನನ್ನ ತಲೆಗೆ ಬಂದಿತ್ತು. ಕಾಕಾ ವಿಷಯ ಕೇಳಿ ಮೀಸೆಯಲ್ಲೇ ನಕ್ಕರು. “ನಾಯಿ ಏನ ತಿಂತೈತಿ ಅಂತ ನಾಯಿನ್ನ ಕೇಳಿದ್ರ ಹೇಳತಿತ್ತು. ಅದಕ್ಕ ಕಾಲೇಜ್ ಯಾಕ ಬೇಕಿತ್ತು?”

ನಾಯಿಗಳಿಗೇನೂ ಕೊರತೆಯಿರಲಿಲ್ಲ. ನಮ್ಮ ಮನೆಯ ಮೋತಿ, ಅದೇ ಓಣಿಯ ಇನ್ನೊಂದು ತುದಿಯಲ್ಲಿರುವ ಖಾದರ್ ಚಾಚಾನ ಮನೆಯ ರಾಜಾ, ಎರಡೂ ಒಂದೇ ತಾಯಿಯ ಮರಿಗಳು. ವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ನಾವು ಕೊರಳಲ್ಲಿ ಲಿಂಗ ಕಟ್ಟುವವರು, ನಮ್ಮ ಮನೆಗೆ ಹಸಿ ಮಾಂಸ ತರುವುದು ಸಾಧ್ಯವಿಲ್ಲದ ಮಾತು. ಆದ್ದರಿಂದ ಮೋತಿಗೆ ಪಾಕೀಟಿನ ಒಣ ಊಟ. ಖಾದರ್ ಚಾಚಾನದು ಕುಂದಗೋಳದಲ್ಲಿ ಕೋಳಿ ಅಂಗಡಿ. ಆದ್ದರಿಂದ ರಾಜಾಗೆ ಹಸಿ ಊಟ. “ಹಸೀ ಊಟಂದ್ರ ಹೊಸಾದೇನೈತಿ ಬೇಟಿ? ಇದರಪ್ಪ, ಇದರಜ್ಜ ತಿಂದದ್ದೂ ಅದ,” ಎಂದರು ಚಾಚಾ. “ಆದ್ರ ನಿನ್ನ ಸಲುವಾಗಿ ಇವತ್ತಿಂದ ತೂಗಿ ಹಾಕತೀನಿ, ಗಿರಾಕಿಗೆ ತೂಗಿದಂಗ.” ಒಣ ಊಟದ ಪಾಕೀಟನ್ನು ಮೇಡಂ ತಮ್ಮ ಮನೆಯಿಂದಲೇ ಕೊಟ್ಟಿದ್ದರು. ಅದನ್ನು ಮನೆಗೆ ತಂದಾಗ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಮೇಲಿನ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. “ಈ ಕೋಳಿ ಚಿತ್ರ ಯಾಕ ಹಾಕ್ಯಾರಬೇ?” ನಾನು ಸುಳ್ಳು ಹೇಳಲಾರದೆ “ಅದರಾಗ ಕೋಳಿ ಪುಡಿ ಇರತೈತಿ ಆಯಿ,” ಅಂದೆ. ಆಯಿ ಒಂದು ಕಾಳು ತೆಗೆದು ನೆಲಕ್ಕೆ ಬಡಿದು ನೋಡಿದಳು. ಟಣ್ ಅಂತು. “ಇಷ್ಟ ಒಣಗೇತಿ ಅಂದ್ರ ಇದರಾಗಿನ ಕೋಳಿ ಎಂದೋ ಹಾರಿ ಹೋಗಿರತೈತಿ. ಹಿತ್ತಲದಾಗ ಇಡು. ನೀ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ.”

ಪ್ರಯೋಗ ಎಂದರೆ ಊಟ ಹಾಕಿ ಸುಮ್ಮನೆ ಕೂಡುವುದಲ್ಲ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎರಡನ್ನೂ ನೋಡಬೇಕು. ಹಸಿ ಮಾಂಸ ತಿಂದ ನಾಯಿಯದು ಕಡಿಮೆ ಮತ್ತು ಗಟ್ಟಿ, ಒಣ ಕಾಳು ತಿಂದದ್ದರದು ಹೆಚ್ಚು, ಜೊತೆಗೆ ಅದು ನೀರನ್ನೂ ಬಹಳ ಕುಡಿಯುತ್ತದೆ ಎಂದು ನಾನು ಓದಿದ್ದೆ. ಅದಕ್ಕಾಗಿ ಬೆಳಿಗ್ಗೆ ಹಳೆಯ ಪೇಪರು ಹಿಡಿದು ನಾಯಿಗಳ ಹಿಂದೆ ಅಡ್ಡಾಡತೊಡಗಿದೆ. ಪಕ್ಕದ ಮನೆಯ ನೀಲವ್ವ ಅತ್ತಿ ಬಾಗಿಲಲ್ಲಿ ನಿಂತು ಕೇಳಿದಳು: “ಏ ಗಿರಿಜಾ, ಮೂರು ವರ್ಷ ಹುಬ್ಬಳ್ಳಿಗೆ ಹೋಗಿ ಇದನ್ನ ಕಲತ ಬಂದೇನಬೇ?” “ಇದು ಸೈನ್ಸ್ ರೀ ಅತ್ತಿ,” ಅಂದೆ. “ಸೈನ್ಸ್ ಇದ್ರ ಅತ್ತಾಗ ಹಿಡಕೊಂಡು ಹೋಗು. ಇಲ್ಲೆ ನಾಷ್ಟಾ ಮಾಡಾಕತ್ತೀವಿ.” ಮನೆತನದ ಮೊದಲ ಪದವೀಧರೆ ಆಗಲು ಹೊರಟವಳು ಪೇಪರಿನ ಪೊಟ್ಟಣ ಬೆನ್ನ ಹಿಂದೆ ಅಡಗಿಸಿ ನಡೆಯುವ ಚಂದವನ್ನು ಓದುಗರು ಊಹಿಸಿಕೊಳ್ಳಬಹುದು.

ನಾಯಿಗಳ ತೂಕ ನೋಡಲು ಊರಲ್ಲಿ ಇದ್ದದ್ದು ಕಾಕಾನ ಮೆಣಸಿನಕಾಯಿ ಕಾಂಟಾ ಒಂದೇ. ಮೋತಿ ಅದರ ಮೇಲೆ ಕಾಲಿಟ್ಟಿತೋ ಇಲ್ಲವೋ, ಮೆಣಸಿನಕಾಯಿ ಧೂಳಿಗೆ ಸೀನತೊಡಗಿತು. ಸೀನಿದಾಗೊಮ್ಮೆ ಅಂಕಿ ಮೇಲೆ ಹಾರುತ್ತಿತ್ತು, ಮರುಕ್ಷಣ ಕೆಳಗೆ ಬೀಳುತ್ತಿತ್ತು. ಕೊನೆಗೆ ಕಾಕಾನೇ ಬೇಸತ್ತು, ಅದರ ಮೂಗಿಗೆ ಟವೆಲು ಕಟ್ಟಿ ಮೋತಿಯನ್ನು ಎತ್ತಿಕೊಂಡು ತಾವೇ ಕಾಂಟಾ ಹತ್ತಿದರು. ಆಮೇಲೆ ಬರಿಗೈಯಲ್ಲಿ ಹತ್ತಿದರು. “ದೊಡ್ಡದರಾಗ ಸಣ್ಣದು ಕಳಿ. ನಾಯಿ ತೂಕ ಬರಕೊ. ನನ್ನ ತೂಕ ಎಲ್ಲೆರ ಬರದಿ ನೋಡು!” ಡಿಗ್ರಿ ಆಗುವುದಿಲ್ಲ ಎಂದವರು ಹೀಗೆ ನನ್ನ ಡಿಗ್ರಿಯ ಸಲುವಾಗಿ ವಾರಕ್ಕೊಮ್ಮೆ ನಾಯಿ ಹೊರತೊಡಗಿದರು. ಇದನ್ನು ಅವರ ಗಮನಕ್ಕೆ ತರುವಷ್ಟು ದಡ್ಡಿ ನಾನಾಗಿರಲಿಲ್ಲ.

ಫಲಿತಾಂಶ ಮಾತ್ರ ನಾನು ಓದಿದ ಯಾವುದಕ್ಕೂ ಹೊಂದಲಿಲ್ಲ. ಎರಡೂ ನಾಯಿಗಳ ತೂಕ ಅಣ್ಣತಮ್ಮಂದಿರು ಮಾತಾಡಿಕೊಂಡಂತೆ ಕೂಡಿಯೇ ಏರುತ್ತಿತ್ತು. ಪೇಪರಿನ ಪೊಟ್ಟಣದ ಲೆಕ್ಕವೂ ಹಾಗೇ. ಒಣ ಊಟದ ಮೋತಿ ನೀರಿನ ಬಟ್ಟಲನ್ನು ಮೂಸಿಯೂ ನೋಡುತ್ತಿರಲಿಲ್ಲ. ಉಳಿದ ದಿನ ಪೊಟ್ಟಣ ಕಟ್ಟಿದೊಡನೆ ಬಸ್ಸಿಗೆ ಓಡುತ್ತಿದ್ದವಳು, ರಜೆಯ ದಿನ ಬೆಳಿಗ್ಗೆ ಊಟ ಹಾಕಿ ಅದರ ಹಿಂದೆಯೇ ಹೊರಟೆ. ಮರ್ಯಾದೆಗೆಂಬಂತೆ ನಾಲ್ಕು ಕಾಳು ಜಗಿದು ಅದು ಹಿತ್ತಲಿಗೆ ಹೋಯಿತು. ಅಲ್ಲಿ ನಮ್ಮ ಆಯಿಯೇ ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಹಾಕುತ್ತ ಕುಳಿತಿದ್ದಳು! ಅಲ್ಲಿಂದ ನೀಲವ್ವ ಅತ್ತಿಯ ಬಾಗಿಲು, ಅಲ್ಲಿಂದ ಮುಂದಿನದು, ಅದರ ಮುಂದಿನದು. ಆ ತುದಿಯಿಂದ ರಾಜಾ ಬರುತ್ತಿತ್ತು. ಓಣಿಯ ನಡುವೆ ಇಬ್ಬರೂ ಎದುರಾಗಿ ಬಾಲ ಅಲ್ಲಾಡಿಸಿ, ಪಾಳಿ ಬದಲಿಸುವ ನೌಕರರಂತೆ ದಾಟಿ ಹೋದರು. ನನಗೆ ಇದು ಹೊಳೆಯದೇ ಹೋದದ್ದೇ ಆಶ್ಚರ್ಯ. ನಮ್ಮ ಕಡೆ ರೊಟ್ಟಿ ಬಡಿದು ಮುಗಿಸುವಾಗ ಪರಾತದಲ್ಲಿ ಉಳಿದ ಹಿಟ್ಟಿಗೆ ಒಂದು ದಪ್ಪ ರೊಟ್ಟಿ ತಟ್ಟುತ್ತಾರೆ. ಅದು ನಾಯಿಯ ಪಾಲು. ಯಾರದೇ ನಾಯಿಯಿರಲಿ, ಬಾಗಿಲಿಗೆ ಬಂದದ್ದರ ಪಾಲು. ಹುಟ್ಟಿದಾಗಿನಿಂದ ಕಂಡದ್ದನ್ನು ಪ್ರಾಜೆಕ್ಟ್ ಬರೆಯುವಾಗ ನಾನು ಹೊರಗಿಟ್ಟುಬಿಟ್ಟಿದ್ದೆ. ಓದಿದವಳೆಂಬ ಜಂಬಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಮನೆಮನೆಗೆ ಹೋಗಿ ಕೈಮುಗಿದೆ. ಸ್ವಲ್ಪ ದಿನ ರೊಟ್ಟಿ ಹಾಕಬೇಡಿರಿ, ನನ್ನ ಡಿಗ್ರಿ ಇದರ ಮೇಲೆ ನಿಂತಿದೆ ಅಂದೆ. ನೀಲವ್ವ ಅತ್ತಿ ಸೊಂಟಕ್ಕೆ ಕೈಯಿಟ್ಟಳು. “ನೀ ಪಾಸಾಗಬೇಕಂತ ನಾಯಿ ನನ್ನ ಬಾಗಲಿಂದ ಹಸಗೊಂಡು ಹೋಗಬೇಕನು? ಹಂಚ ಇಳಸೂ ಮುಂದ ನಾಯಿ ಪಾಲ ತಗೀಲಿಲ್ಲಂದ್ರ ನನಗ ತುತ್ತು ಇಳೀತೈತನು?” ಮೋತಿಯನ್ನು ಕಟ್ಟಿ ಹಾಕಿದೆ. ಅದು ಬಾಯಿ ಮೇಲೆತ್ತಿ ಊಳಿಟ್ಟಿತು, ರೊಟ್ಟಿಗಳು ಗೋಡೆಯ ಮೇಲಿಂದ ಬರತೊಡಗಿದವು. ಮೇಡಂಗೆ ಹೇಳಿದರೆ “ಪ್ರಯೋಗವೇ ಕೆಟ್ಟುಹೋಯಿತಲ್ಲ!” ಎಂದು ಹಣೆ ಹಿಡಿದುಕೊಂಡರು. ಹೊಸ ನಾಯಿ, ಹೊಸ ಓಣಿ ಹುಡುಕಲು ವೇಳೆಯಿರಲಿಲ್ಲ. “ನೆಟ್‌ನಾಗಿನ ಅಂಕಿ ಹಾಕಿಬಿಡು, ಪರೀಕ್ಷಾ ಮಾಡವ್ರು ನಿಮ್ಮೂರ ನಾಯಿ ನೋಡಾಕ ಬರತಾರನು?” ಎಂದಳು ತರಗತಿಯ ಗೆಳತಿಯೊಬ್ಬಳು. ಸುಳ್ಳೇಕೆ, ಅಂದು ಬಸ್ಸಿನಲ್ಲಿ ನಿಂತು ಊರು ಬರುವವರೆಗೂ ಅದನ್ನೇ ಯೋಚಿಸಿದೆ. ಇಳಿಯುವಾಗ ಸಿಟ್ಟು ಬಂತು. ಯಾವುದೋ ಊರಿನ ಯಾವುದೋ ನಾಯಿಯ ತೂಕ ನನ್ನ ಹೆಸರಿಗೆ ಬರೆದುಕೊಳ್ಳಲಿಕ್ಕೆ ನಾನು ಇಷ್ಟು ವರ್ಷ ನಿಂತು ಹೋಗಿ ಬರಬೇಕಿತ್ತೇ? ನಿಲ್ಲಿಸಲಾಗದ ರೊಟ್ಟಿಯನ್ನು ಎಣಿಸಿಬಿಡುತ್ತೇನೆ ಎಂದು ಠರಾಯಿಸಿದೆ. ಒಣ ಊಟ, ಹಸಿ ಊಟ, ಅದರ ಜೊತೆಗೆ ಓಣಿಯ ಊಟ.

ಎಣಿಸುತ್ತೇನೆ ಎಂದದ್ದೇ ತಡ, ಓಣಿಗೆ ಓಣಿಯೇ ವಿಜ್ಞಾನಕ್ಕೆ ಇಳಿಯಿತು. ಕಾಲೇಜಿನ ಪುಸ್ತಕದಲ್ಲಿ ತಮ್ಮ ರೊಟ್ಟಿ ಬರುತ್ತದೆಂದು ತಿಳಿದ ಮೇಲೆ ಯಾರೂ ಕಡಿಮೆಯಾಗಲು ಒಪ್ಪಲಿಲ್ಲ. “ನಂದು ಎರಡು ಬರಕೊ, ಮ್ಯಾಲ ಬೆಣ್ಣಿ ಸವರೀನಿ,” ಎಂದು ಒಬ್ಬಳು. “ಆಕೀದು ಬರೀಬ್ಯಾಡ, ಸೀದಿರತೈತಿ,” ಎಂದು ನೀಲವ್ವ ಅತ್ತಿ. ಖಾದರ್ ಚಾಚಾನ ಮನೆಯಲ್ಲೂ ರಾಜಾಗೆ ತುಪ್ಪ ಸವರಿದ ಚಪಾತಿ ಶುರುವಾಯಿತು. ಅತ್ತ ಕಾಂಟಾದ ಮೇಲೆ ಕಾಕಾ ಮೋತಿಯನ್ನು ಎತ್ತಲು ಹೋಗಿ ಅರ್ಧಕ್ಕೇ ಸೊಂಟ ಹಿಡಿದುಕೊಂಡರು. “ಲೇ, ಇದು ನಾಯಿ ಅಲ್ಲ, ಹತ್ತಿ ತುಂಬಿದ ಅಂಡಿಗಿ ಆಗೇತಿ! ಇನ್ನ ನೀ ಪಾಸಾಗೂದ್ರಾಗ ನಾ ದವಾಖಾನಿ ಸೇರತೀನಿ.” ಮತ್ತೆ ಮನೆಮನೆಗೆ ಹೋಗಿ ಕೈಮುಗಿದೆ. ಮೊದಲು ಹಾಕುತ್ತಿದ್ದಷ್ಟೇ ಹಾಕಿ, ಬೆಣ್ಣೆ ಹಾಕಿದರೆ ಹೆಸರು ಬರೆಯುವುದಿಲ್ಲ ಅಂದೆ. ಅದಕ್ಕೆ ಮಾತ್ರ ಎಲ್ಲರೂ ಹೆದರಿದರು.

ಉತ್ತರ ಹೇಳುವ ದಿನ ಬಂತು. ಧಾರವಾಡದಿಂದ ಬಂದ ಪರೀಕ್ಷಕರು ಕನ್ನಡಕದ ಮೇಲಿಂದ ನನ್ನನ್ನು, ಕೆಳಗಿಂದ ನನ್ನ ಬರಹವನ್ನು ನೋಡಿದರು. ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. “ಒಣಾದ್ದು ಛಲೋನೋ, ಹಸೀದು ಛಲೋನೋ? ಅದನ್ನ ಹೇಳವಾ ಮೊದಲ,” ಎಂದರು ಪರೀಕ್ಷಕರು. ನನ್ನ ಮಾತು ಊರಿನ ದಾರಿಯಲ್ಲೇ ಹೊರಟಿತು. ಒಣದು ಕೆಡುವುದಿಲ್ಲ, ಅಳತೆ ಸುಲಭ, ಆದರೆ ನಾಯಿ ಅದನ್ನು ಔಷಧದ ಹಾಗೆ ತಿನ್ನುತ್ತದೆ. ಹಸಿಯದು ನಾಯಿಗೆ ಹಬ್ಬ, ಆದರೆ ನಮ್ಮ ಬಿಸಿಲಿಗೆ ಬೇಗ ಕೆಡುತ್ತದೆ, ಮುಟ್ಟಿದವರು ಕೈ ತೊಳೆಯದಿದ್ದರೆ ಮನೆಮಂದಿಗೆ ರೋಗ, ಬರೀ ಮಾಂಸವಾದರೆ ಪೋಷಣೆಯೂ ಪೂರ್ತಿಯಲ್ಲ. ಎರಡರಲ್ಲಿ ಯಾವುದು ಮೇಲೆಂದು ಹೇಳಲು ನನ್ನ ಹತ್ತಿರ ಆಧಾರವಿಲ್ಲ, ಏಕೆಂದರೆ ಎರಡೂ ಹೊಟ್ಟೆಗಳಲ್ಲಿ ನಮ್ಮ ಓಣಿಯೇ, ಬೆಣ್ಣೆ ಸವರಿದ ರೊಟ್ಟಿ ಸಮೇತ, ತುಂಬಿತ್ತು ಎಂದೆ. “ಎರಡ ನಾಯಿ ಮ್ಯಾಲ ಏನು ಸಿದ್ಧ ಆಗತದ?” ಎಂದರು. “ನಾಯಿ ಬಗ್ಗೆ ಏನೂ ಆಗೂದಿಲ್ರಿ ಸರ್. ಓಣಿ ಬಗ್ಗೆ ಆಗತೈತ್ರಿ. ನಮ್ಮ ಕಡೆ ಯಾರರ ಇಂಥಾ ಪ್ರಯೋಗ ಮಾಡೂದಿದ್ರ ಮೊದಲ ರೊಟ್ಟಿ ಎಣಸಬೇಕ್ರಿ.” ನಾನು ಮನಸ್ಸಿನಲ್ಲೇ ಅಪ್ಪನ ‘ಹೂಂ’ ಕೇಳಿಸಿಕೊಳ್ಳುತ್ತಿದ್ದೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು, ಮೇಡಂ ಕಡೆ ನೋಡಿದರು, ಆಮೇಲೆ ನನ್ನ ಕಡೆ ಬಾಗಿ ಕೇಳಿದರು: “ಬೆಣ್ಣಿ ಸವರಿದ್ದು ಬಿಳಿ ಜೋಳದ ರೊಟ್ಟಿಗೋ, ಸಜ್ಜಿ ರೊಟ್ಟಿಗೋ?” ಪಾಸಾದೆ ಎಂದು ನನಗೆ ಆಗಲೇ ತಿಳಿಯಿತು.

ಫಸ್ಟ್ ಕ್ಲಾಸ್ ಬಂತು. ಪ್ರಾಜೆಕ್ಟಿಗೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂದವು. ಸರ್ಟಿಫಿಕೇಟ್ ಕೊಡುವ ಸಮಾರಂಭಕ್ಕೆ ಅಪ್ಪ, ಅವ್ವ, ಆಯಿ ಬಂದರು. ಕರೆಯದಿದ್ದರೂ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ಎಲ್ಲರಿಗಿಂತ ಮೊದಲೇ ಬಸ್ಸು ಹತ್ತಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದರು. ನನ್ನ ಹೆಸರು ಕರೆದಾಗ ವೇದಿಕೆ ಹತ್ತಿದೆ, ಬಾಗಿ ತೆಗೆದುಕೊಂಡೆ, ಸೆಟೆದು ಇಳಿದೆ. ಆ ಮೂರು ಮೆಟ್ಟಿಲುಗಳಲ್ಲಿ ನಾನು ಎಷ್ಟು ಎತ್ತರ ಇದ್ದೆನೆಂದು ಹೇಳಿದರೆ ನಂಬಲಿಕ್ಕಿಲ್ಲ. ನೇರ ಹೋಗಿ ಸರ್ಟಿಫಿಕೇಟನ್ನು ಕಾಕಾನ ಕೈಗೇ ಕೊಟ್ಟೆ. ‘ಈಗ ಏನಂತೀರಿ?’ ಎಂದು ಕೇಳುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅವರು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದರು, ನನ್ನ ಹೆಸರನ್ನು ಅಕ್ಷರ ಅಕ್ಷರ ಓದಿದರು, ಕಣ್ಣು ತುಂಬಿಕೊಂಡವು. ಆಮೇಲೆ ಹಿಂದೆ ಮುಂದೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದರು: “ಗಿರಿಜಾ, ನಿಮ್ಮ ಹುಡುಗಿ ಪ್ರಾಜೆಕ್ಟ್ ಯಾತರ ಮ್ಯಾಲ ಮಾಡ್ಯಾಳ್ರಿ ಅಂತ ಬಾಜೂ ಕುಂತವ್ರು ಕೇಳಿದ್ರು. ಹುಲಿ ಮ್ಯಾಲ ಅಂತ ಹೇಳೀನಿ. ಇಲ್ಲಿಂದ ಹೊರಗ ಬೀಳೂತನಕ ನೀ ಬಾಯಿ ಬಿಚ್ಚಬ್ಯಾಡ.”