ಎಡೆಪುಟ್ಟಿಗೊಂದು ಲಕ್ಷುರಿ ಕಾರು

ಈ ಸಲ ನಮ್ಮ ಯಜಮಾನರ ವರ್ಷದ ಎಡೆ ಲಕ್ಷುರಿ ಕಾರಿನಲ್ಲೇ ಹೋಗಬೇಕು ಎಂದು ತೀರ್ಮಾನ ಮಾಡಿದೆ! ನಮ್ಮೂರು ಹೊಳಲಿನಲ್ಲಿ ಎಷ್ಟೋ ಗಂಡಸರು ಸತ್ತಿದ್ದಾರೆ. ದೊಡ್ಡ ದೊಡ್ಡ ಕುಳಗಳೇ ಸತ್ತಿದ್ದಾರೆ. ಯಾರ ಸಮಾಧಿ ಗುಡ್ಡೆಗೂ ಎಡೆ ಕಾರಿನಲ್ಲಿ ಹೋಗಿಲ್ಲ. ತಲೆ ಮೇಲೆ ಹೋಗಿದೆ, ಹೆಚ್ಚೆಂದರೆ ಟ್ರ್ಯಾಕ್ಟರಿನಲ್ಲಿ ಹೋಗಿದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಈ ಶಿವನಂಜಮ್ಮ ಊರಿಗೇ ಮೊದಲಿಗಳಾಗುತ್ತಾಳೆ ಎಂದುಕೊಂಡೆ.

ಜಂಬಕ್ಕೆ ಅಲ್ಲ. ಸುಳ್ಳು ಯಾಕೆ, ಸ್ವಲ್ಪ ಜಂಬವೂ ಇತ್ತು. ಆದರೆ ನಾನು ಮಾತು ಕೊಟ್ಟಿದ್ದೆ. ಯಾರಿಗೆ? ಕಾಗೆಗೆ!

ಹೋದ ವರ್ಷ ಅವರ ತಿಥಿ ದಿನ ಗುಡ್ಡೆ ಮೇಲೆ ಎಡೆ ಇಟ್ಟು ದೂರ ನಿಂತೆವು. ಕಾಗೆ ಬಂತು. ಬೇವಿನ ಮರದಲ್ಲಿ ಕೂತಿತು. ಎಡೆ ಮುಟ್ಟಲಿಲ್ಲ. ಕಾಗೆ ಮುಟ್ಟಲಿಲ್ಲ ಎಂದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ತೀರಿಸುತ್ತೇವೆ ಎಂದು ಮಾತು ಕೊಡಬೇಕು. ಎಲ್ಲರೂ ಕೊಟ್ಟರು. ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದರು. ಎಮ್ಮೆ ಮಾರುವುದಿಲ್ಲ ಎಂದರು. ಕಾಗೆ ಜಗ್ಗಲಿಲ್ಲ. ಅವರ ಜೊತೆ ಸಂಸಾರ ಮಾಡಿದವಳು ನಾನು. ನನಗೆ ನೆನಪಾಯಿತು.

ಒಂದು ಸಲ ಅವರು ಮದ್ದೂರಿನಲ್ಲಿ ವಡೆ ತಿನ್ನಲು ಮೊಪೆಡ್ ನಿಲ್ಲಿಸಿದ್ದರಂತೆ. ಪಕ್ಕದಲ್ಲಿ ಒಂದು ಭಾರಿ ಕಾರು. ಕನ್ನಡಿಯಂಥ ಬಾಗಿಲು. ಅದರಲ್ಲಿ ಮುಖ ನೋಡಿಕೊಂಡು, ಮೀಸೆ ತೀಡಿಕೊಂಡು ಬಂದರು. ಊಟಕ್ಕೆ ಕೂತಾಗ ಕೇಳಿದರು.

“ಅದ್ರೊಳಗೆ ಕೂತ್ಕಂಡು ಒಂದ್ ವಡೆ ತಿಂದ್ರೆ ಎಂಗಿರ್ತದೆ ಅಮ್ಮಿ?”

“ಮೊದ್ಲು ಮೊಪೆಡ್‌ಗೆ ಬ್ರೇಕ್ ಆಕ್ಸಿ. ಆಮೇಲ್ ಕಾರು!” ಎಂದೆ.

ಅದು ನೆನಪಾಗಿ ಗುಡ್ಡೆಗೆ ಕೈ ಮುಗಿದೆ. “ನೋಡಿ, ಬರೋ ವರ್ಸ ನಿಮ್ ಎಡೆ ದೊಡ್ ಕಾರಲ್ಲೇ ತತ್ತೀನಿ. ಈಗ ತಿನ್ನಿ” ಎಂದೆ. ಬಾಯಿ ಮುಚ್ಚುವುದರೊಳಗೆ ಕಾಗೆ ಇಳಿದು ಮುದ್ದೆಗೆ ಕೊಕ್ಕು ಹಾಕಿತು! ಎಲ್ಲರೂ ಅತ್ತರು. ನಾನೂ ಅತ್ತೆ. ಕಾರು ಎಲ್ಲಿಂದ ತರಲಿ ಎಂದು ಅತ್ತೆ.

ಒಂದು ವರ್ಷದಲ್ಲಿ ನಮ್ಮ ನೆಂಟರಲ್ಲೇ ಎರಡು ಕಾರು ಬಂದವು. ಅಳಿಯ ಯತೀಶ್ ಗುತ್ತಲಿನಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರು. ಅವರು ಒಂದು ಕರಿ ಕಾರು ತಂದರು. ಅದನ್ನು ನೋಡಿದ ಹೊಟ್ಟೆಯುರಿಗೆ ಹಲಗೂರಿನ ನನ್ನ ಮೈದುನ ಶಿವಣ್ಣ ಒಂದು ಬಿಳಿ ಕಾರು ತಂದ. ಎರಡೂ ಸೆಕೆಂಡ್ ಹ್ಯಾಂಡು. ಎರಡರ ಹೆಸರೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಕರಿಯದು ಜರ್ಮನಿಯದಂತೆ, ಬಿಳಿಯದು ಜಪಾನಿನದಂತೆ. ಎರಡೂ ಎಮ್ಮೆ ಕೊಟ್ಟಿಗೆಯಷ್ಟು ಇದ್ದವು.

ಎಡೆ ದಿನ ಬೆಳಿಗ್ಗೆ ಎರಡೂ ನಮ್ಮ ಮನೆ ಮುಂದೆ ಮೂತಿಗೆ ಮೂತಿ ಕೊಟ್ಟು ನಿಂತವು. ಯಾರ ಕಾರಿನಲ್ಲಿ ಎಡೆ ಹೋಗಬೇಕು? ಶುರುವಾಯಿತು ಜಗಳ!

“ಅತ್ತೆ, ನಮ್ದು ನಾಲ್ಕು ಚಕ್ರಕ್ಕೂ ಪವರ್ರು” ಎಂದರು ಯತೀಶ್. “ಬೆಟ್ಟ ಅತ್ತದೆ. ನೀರಿಗ್ ಇಳಿತದೆ.”

“ಇಳಿತದೆ ಬುಡಿ ಅಳಿಮಯ್ಯ, ಮ್ಯಾಕ್ ಬತ್ತದಾ?” ಎಂದ ಶಿವಣ್ಣ. “ಓದ್ ತಿಂಗ್ಳೆಲ್ಲ ಶೋರೂಮಲ್ಲಿ ಬಾಣಂತಿ ಮಲಗ್ದಂಗೆ ಮಲಗಿತ್ತಲ್ಲ!”

“ಅದು ಸಾಫ್ಟ್‌ವೇರ್ ಪ್ರಾಬ್ಲಮ್ಮು ಮಾವ.”

“ಪ್ರಾಬ್ಲಮ್ ಪ್ರಾಬ್ಲಮ್ಮೇ ಕಣಪ್ಪ. ನಂದು ತಗಂಡಾಗ್ಲಿಂದ ಗ್ಯಾರೇಜ್ ಮಕ ನೋಡಿಲ್ಲ.”

“ಗ್ಯಾರೇಜ್ ಮಕ ನೋಡ್ಬೇಕು ಅಂದ್ರೆ ಮನೆಯಿಂದ ಈಚೆಗ್ ಬರ್ಬೇಕಲ್ಲ ಮಾವ? ಕವರ್ ಆಕಿ ಮಡಗಿದ್ದೀರ, ಮದ್ವೆ ಸೀರೆ ಮಡಗ್ದಂಗೆ!”

ನನ್ನ ಮಗಳು ನಾಗಶ್ರೀ ಒಳಗೆ ಕಜ್ಜಾಯ ಕರಿಯುತ್ತಿದ್ದಳು. “ಅವ್ವ, ಇವ್ರಿಬ್ರನ್ನೂ ನೇಗ್ಲಿಗ್ ಕಟ್ಟಿ ಉತ್ರೆ ಒಂದ್ ಪೈರಾಯ್ತದೆ” ಎಂದಳು.

ಕೊನೆಗೆ ನಾನೇ ಪರೀಕ್ಷೆ ಮಾಡಿದೆ. ಕರಿ ಕಾರಿನೊಳಗೆ ಇಣುಕಿದೆ. ತಂಪು. ಬೆನ್ನು ಒತ್ತುವ ಸೀಟು. ಯಾವಳೋ ಒಬ್ಬಳು ಇಂಗ್ಲಿಷಿನಲ್ಲಿ ಮಾತಾಡಿದಳು. ಯಾರ ಕಡೆ ನೆಂಟಳೋ ಗೊತ್ತಿಲ್ಲ. ಒಂದು ಗುಂಡು ಬಟನ್ನು ಇತ್ತು. ಅದನ್ನು ತಿರುಗಿಸಿದರೆ ಮರಳಲ್ಲಿ ಹೋಗುತ್ತದಂತೆ, ಬಂಡೆ ಮೇಲೆ ಹೋಗುತ್ತದಂತೆ, ಹಿಮದಲ್ಲಿ ಹೋಗುತ್ತದಂತೆ.

“ನಾಟಿ ಗದ್ದೆಗೆ ಯಾವ್ದಪ್ಪ?” ಎಂದೆ.

ಯತೀಶ್ ಹುಡುಕಿದರು. ಹೊಳಲಿನಲ್ಲಿ ಹಿಮ ಬಿದ್ದರೆ ಬಟನ್ನು ಉಂಟು. ನಾಲೆ ನೀರು ಬಿಟ್ಟರೆ ಇಲ್ಲ!

ಬಿಳಿ ಕಾರಿಗೆ ಅಷ್ಟು ಬಟನ್ನು ಇರಲಿಲ್ಲ. ಅದರೊಳಗೆ ಯಾರೂ ಮಾತಾಡಲಿಲ್ಲ. ಶಿವಣ್ಣನೊಬ್ಬನೇ ಮಾತಾಡಿದ.

ನನಗೆ ಗೊತ್ತಿದ್ದ ಗಾಡಿ ಒಂದೇ, ನಮ್ಮ ಯಜಮಾನರ ಮೊಪೆಡ್. ಅದಕ್ಕೆ ಬಟನ್ನು ಇರಲಿಲ್ಲ. ತುಳಿದರೆ ಓಡುತ್ತಿತ್ತು. ಬೈದರೆ ಇನ್ನೂ ಜೋರಾಗಿ ಓಡುತ್ತಿತ್ತು. ನಾಲೆ ಏರಿ, ಕಬ್ಬಿನ ಗದ್ದೆ, ಎಲ್ಲಿಗಾದರೂ ಹೋಗುತ್ತಿತ್ತು. ಹಿಂದಿನ ಸೀಟಿನ ಮೇಲೆ ಹುಲ್ಲಿನ ಹೊರೆ. ನಾನು ಹಿಂದೆ ನಡೆದು ಬರಬೇಕು. “ನನ್ನೂ ಕೂರುಸ್ಕಳಿ” ಎಂದರೆ, “ಉಲ್ಲು ನಡ್ಕಂಡ್ ಬತ್ತದಾ?” ಎನ್ನುತ್ತಿದ್ದರು. ಈಗ ಅದು ಕೊಟ್ಟಿಗೆಯಲ್ಲಿ ನಿಂತಿದೆ. ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಇರಲಿ.

ಎಡೆಪುಟ್ಟಿ ತುಂಬಿದೆ. ಮುದ್ದೆ, ನಾಟಿಕೋಳಿ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಮೇಲೆ ಮದ್ದೂರು ವಡೆ. ಶಿವಣ್ಣ ಬರುತ್ತಾ ದಾರಿಯಲ್ಲಿ ಬಿಸಿಯಾಗಿ ಕಟ್ಟಿಸಿಕೊಂಡು ಬಂದಿದ್ದ. ಪುಟ್ಟಿಯನ್ನು ತಲೆಗೆ ಏರಿಸಿದೆ. ಅಲ್ಲಿ ಬಂತು ಫಜೀತಿ! ಎಡೆಪುಟ್ಟಿ ಒಂದು ಸಲ ತಲೆಗೇರಿದರೆ ಗುಡ್ಡೆ ತನಕ ಕೆಳಗಿಡುವ ಹಾಗಿಲ್ಲ. ನಮ್ಮತ್ತೆ ಕಾಲದಿಂದ ಬಂದ ಪದ್ಧತಿ.

“ಡಿಕ್ಕೀಲಿ ಇಡಿ ಅತ್ತೆ” ಎಂದರು ಯತೀಶ್.

“ಇಡಂಗಿಲ್ಲ.”

“ತೊಡೆ ಮೇಲೆ ಇಟ್ಕಳಿ.”

“ತಲೆ ಮೇಲೇ ಓಗ್ಬೇಕು ಕಣಪ್ಪ.”

“ತಲೆ ಮೇಲ್ ಇಟ್ಕಂಡ್ ಕಾರಲ್ಲಿ ಎಂಗ್ ಕೂರ್ತೀರ?”

ನಾಗಶ್ರೀ ಮೇಲೆ ನೋಡಿದಳು. “ರೀ, ನಿಮ್ ಕಾರಿಗೆ ಚಾವಣೀಲಿ ಕಿಟಕಿ ಅದಲ್ಲ, ತಗೀರಿ!”

ಹಾಗೆ ಕರಿ ಕಾರು ಗೆದ್ದಿತು. ಓಡುವುದರಲ್ಲಿ ಅಲ್ಲ, ತೂತಿನಲ್ಲಿ! ಪುಟ್ಟಿಯನ್ನು ಅವಳು ತನ್ನ ತಲೆಗೆ ತೆಗೆದುಕೊಂಡಳು. ನಾನು ಸೀಟಿನ ಮೇಲೆ ಹತ್ತಿ ಕಿಟಕಿಯಲ್ಲಿ ತಲೆ ತೂರಿಸಿ ನಿಂತೆ. ಅವಳು ಕಾರಿನ ಬಾಗಿಲ ಮೆಟ್ಟಿಲ ಮೇಲೆ ನಿಂತು ಪುಟ್ಟಿಯನ್ನು ನನ್ನ ತಲೆಗೆ ಇಟ್ಟಳು. ಯತೀಶ್ ನನ್ನ ಬರಿಗಾಲ ಕೆಳಗೆ ಟವೆಲ್ಲು ಹಾಸಿದರು, ಮರ್ಯಾದೆಗಲ್ಲ, ಸೀಟಿಗಾಗಿ.

ಹೊರಟೆವು! ನಾಗಶ್ರೀ ಮುಂದಿನ ಸೀಟಿನಲ್ಲಿ. ನಾನು ಸೊಂಟದಿಂದ ಮೇಲೆ ಹೊರಗೆ, ತಲೆ ಮೇಲೆ ಪುಟ್ಟಿ. ಹಿಂದೆ ಬಿಳಿ ಕಾರಿನಲ್ಲಿ ಶಿವಣ್ಣ, “ಅದು ಕೆಟ್ರೆ ಇರ್ಲಿ” ಎಂದು ನಗುತ್ತಾ. ಬೀದಿಯ ಜನ ಎದ್ದು ನಿಂತರು. ನಾಲೆ ದಾಟಿದ ಮೇಲೆ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿದರು. ಪಕ್ಕದ ಮನೆ ಮಲ್ಲಿಗಮ್ಮ ಪೈರಿನ ಕಟ್ಟು ಎತ್ತಿ ಕೂಗಿದಳು.

“ಅಕ್ಕೋ! ಯಾವ್ ಪಾರ್ಟಿಯಿಂದ ನಿಂತಿದ್ದೀಯ?”

“ನನ್ ಗಂಡನ್ ಪಾರ್ಟಿ ಕಣೆ!” ಎಂದೆ.

ಅಷ್ಟೇ. ಆ ಮಾತಿಗೆ ಸರಿಯಾಗಿ ಕಾರು ಕುಸಿಯಿತು!

ನಾಲೆಯ ತೂಬಿನ ಹತ್ತಿರ ನೀರು ಒಸರಿ ದಾರಿ ಹದವಾದ ಮುದ್ದೆ ಹಿಟ್ಟಿನ ಹಾಗಾಗಿತ್ತು. ನಾನು ಮುಂದಕ್ಕೆ ವಾಲಿದೆ. ಪುಟ್ಟಿ ಹಿಡಿದುಕೊಂಡೆ. ಒಂದು ವಡೆ ಮಾತ್ರ ಜಾರಿ ಕಿಟಕಿಯೊಳಗೆ ಬಿತ್ತು, ನೇರವಾಗಿ ಬೆನ್ನು ಒತ್ತುವ ಸೀಟಿನ ಮೇಲೆ. ಎಡೆಯಿಂದ ಬಿದ್ದದ್ದನ್ನು ಮತ್ತೆ ಎಡೆಗೆ ಸೇರಿಸುವಂತಿಲ್ಲ. ಬಿಟ್ಟೆ.

“ಅತ್ತೆ! ಎಣ್ಣೆ! ಸೀಟು!” ಎಂದರು ಯತೀಶ್.

“ಸೀಟಿರ್ಲಿ, ಚಕ್ರ ನೋಡಪ್ಪ!”

ಅವರು ಗುಂಡು ಬಟನ್ನನ್ನು ಮರಳಿಗೆ ತಿರುಗಿಸಿದರು. ಬಂಡೆಗೆ ತಿರುಗಿಸಿದರು. ಗಾಬರಿಯಲ್ಲಿ ಹಿಮಕ್ಕೂ ತಿರುಗಿಸಿದರು. ಇಂಗ್ಲಿಷ್ ನೆಂಟಳು ಏನೇನೋ ಹೇಳಿ ಸುಮ್ಮನಾದಳು. ಚಕ್ರ ನಿಂತಲ್ಲೇ ತಿರುಗಿ ಕೆಸರನ್ನೆಲ್ಲ ಹಿಂದಿನ ಬಿಳಿ ಕಾರಿನ ಮುಖಕ್ಕೆ ಎರಚಿತು. ಆಮೇಲೆ ಕರಿ ಕಾರು ಪೂರ್ತಿ ಆರಿಹೋಯಿತು. ಕಿಟಕಿ ತೆರೆದದ್ದು ತೆರೆದೇ ಉಳಿಯಿತು.

ಶಿವಣ್ಣ ಗಾಜು ಒರೆಸಿಕೊಂಡು ಕತ್ತು ಹೊರಗೆ ಹಾಕಿದ. “ಸರ್ಕಳಿ ಅಳಿಮಯ್ಯ! ನಂಬ್ಕೆ ಗಾಡಿ ಅಂದ್ರೆ ಏನು ಅಂತ ನೋಡ್ಕಳಿ!” ಎಂದು ಪಕ್ಕದಿಂದ ನುಗ್ಗಿದ. ಬಿಳಿ ಕಾರು ಧೈರ್ಯವಾಗಿ ಬಂತು. ಧೈರ್ಯವಾಗಿ ಕರಿ ಕಾರಿನ ಪಕ್ಕಕ್ಕೆ ನಿಂತಿತು. ಹಾಗೇ ಧೈರ್ಯವಾಗಿ ಇಳಿಯಿತು.

“ನಂದು ಇಂಜಿನ್ ಓಡ್ತಾ ಅದೆ!” ಎಂದ ಶಿವಣ್ಣ.

“ಓಡ್ತಿರೋದು ಇಂಜಿನ್ನು, ಕಾರಲ್ಲ ಮಾವ!”

“ನಿಂದು ಇಂಜಿನ್ನೂ ಇಲ್ಲ!”

“ನಂದು ನಿಮ್ದುಕಿಂತ ಒಂದ್ ಮಾರು ಮುಂದದೆ!”

ಮೊಣಕಾಲು ಕೆಸರಿನಲ್ಲಿ ನಿಂತು, ಯಾವ ಕಾರು ಚೆನ್ನಾಗಿ ಹೂತಿದೆ ಎಂದು ಇಬ್ಬರೂ ಕಿತ್ತಾಡಿದರು. ನಾನು ಮೇಲೆ ನಿಂತು ಬಿಸಿಲು ನೋಡಿದೆ. ಹೊತ್ತು ನೆತ್ತಿಗೆ ಬರುವುದರೊಳಗೆ ಕಾಗೆ ಮುಟ್ಟಬೇಕು. ಇಲ್ಲದಿದ್ದರೆ ಅವರು ಹಸಿದುಕೊಂಡು ಹೋಗುತ್ತಾರೆ. ಹಸಿವು ತಡೆಯುವ ಮನುಷ್ಯ ಅಲ್ಲ ಅವರು.

“ನಾಗಶ್ರೀ, ಪುಟ್ಟಿ ಇಳ್ಸ್ಕಳೆ. ನಡ್ದೇ ಓಗುವ” ಎಂದೆ.

ಅವಳು ಸೀದಾ ಬಾನೆಟ್ಟು ಹತ್ತಿ ಪುಟ್ಟಿಗೆ ತಲೆ ಕೊಟ್ಟಳು.

“ನಾಗಶ್ರೀ! ಬಾನೆಟ್ ಸೊಟ್ಟ ಆಯ್ತದೆ ಕಣೆ!”

“ನಾನು ಬಾನೆಟ್ ಮೇಲಿವ್ನಿ. ನೀವು ಕೆಸ್ರಲ್ಲಿದ್ದೀರ. ಮಾತಾಡ್ಬೇಡಿ!”

ನಾನು ಕಾರಿನಿಂದ ಇಳಿದು ಪುಟ್ಟಿಯನ್ನು ಮತ್ತೆ ತಲೆಗೆ ತೆಗೆದುಕೊಂಡೆ. ಕಾಲು ಕೆಸರಿಗೆ ಹೋಯಿತು, ಬಂತು. ಹೋಯಿತು, ಬಂತು. ಯಾವ ಬಟನ್ನೂ ಬೇಕಾಗಲಿಲ್ಲ. ಹಿಂದೆ ಮಗಳು, ಅವಳ ಹಿಂದೆ ಬೂಟು ಕೈಯಲ್ಲಿ ಹಿಡಿದ ಇಬ್ಬರು ಕಾರಿನ ಯಜಮಾನರು.

ಗುಡ್ಡೆ ಮೇಲೆ ಎಲೆ ಹಾಕಿ ಎಡೆ ಬಡಿಸಿದೆ. ಬೀಡಿ ಹಚ್ಚಿ ಇಟ್ಟೆ. ದೂರ ನಿಂತೆವು. ಕಾಗೆ ಬಂತು. ಅದೇ ಬೇವಿನ ಮರ. ಕತ್ತು ಓರೆ ಮಾಡಿ ನೋಡಿತು. ಇಳಿಯಲಿಲ್ಲ.

“ಮಾತ್ ಕೊಡಿ, ಮಾತ್ ಕೊಡಿ” ಎಂದಳು ನಾಗಶ್ರೀ.

“ಮಾವ, ನಿಮ್ ಮಗಳ್ನ ಬಯ್ಯಲ್ಲ” ಎಂದರು ಯತೀಶ್.

“ನೀವ್ ನನ್ನ ಬಯ್ಯಾದಾ? ಯಾವತ್ತು?” ಎಂದಳು ಅವಳು. ಯತೀಶ್ ಹಿಂದೆ ಸರಿದರು.

ಶಿವಣ್ಣ ಕಣ್ಣು ಮುಚ್ಚಿ ಕೈ ಮುಗಿದ. “ಅಣ್ಣ, ಗದ್ದೆ ಬದಿನ್ ಕಲ್ಲ ಇದ್ದ ಜಾಗಕ್ಕೇ ವಾಪಸ್ ಇಡುಸ್ತೀನಿ.”

“ಯಾವ್ ಬದಿನ್ ಕಲ್ಲು?” ಎಂದೆ.

“ಏನಿಲ್ಲ ಅತ್ಗೆ. ಅಣ್ಣ ತಮ್ಮನ್ ಮಾತು.”

ಅದಕ್ಕೂ ಕಾಗೆ ಇಳಿಯಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ನಾನು ಏನು ಕೊಡಲಿ? ಕೊಟ್ಟ ಮಾತನ್ನೇ ಅರ್ಧ ದಾರಿಯಲ್ಲಿ ಹೂತು ಬಂದಿದ್ದೆ. “ತಪ್ಪಾಯ್ತು ಕಣ್ರೀ” ಎಂದೆ. “ಕಾರಲ್ಲೇ ತತ್ತಾ ಇದ್ದೆ. ಅದು ಬರ್ನಿಲ್ಲ. ಮುದ್ದೆ ಆರೋಯ್ತದೆ, ಬನ್ನಿ.”

ಕಾಗೆ ರೆಕ್ಕೆ ಬಡಿಯಿತು. ಎದ್ದಿತು. ಎಡೆಯ ಕಡೆಗಲ್ಲ, ನಾಲೆ ಕಡೆಗೆ ಹಾರಿಹೋಯಿತು.

ನಾನು ಬದುವಿನ ಮೇಲೆ ಕೂತುಬಿಟ್ಟೆ. ವರ್ಷವೆಲ್ಲ ಬೆಳಿಗ್ಗೆ ಅನ್ನ ಬೇಯಿಸುವಾಗ ಅಭ್ಯಾಸಕ್ಕೆ ಒಂದು ಹಿಡಿ ಜಾಸ್ತಿ ಹಾಕಿದ್ದೇನೆ. ಅದನ್ನು ತಿನ್ನುವವರು ಇಲ್ಲ. ಇವತ್ತಾದರೂ ಬಂದು ತಿನ್ನುತ್ತಾರೆ ಎಂದುಕೊಂಡಿದ್ದೆ.

ಆಗ ತೂಬಿನ ಕಡೆಯಿಂದ ಮಲ್ಲಿಗಮ್ಮನ ಕೂಗು.

“ಅಕ್ಕೋ! ಇಲ್ಲ್ ಬಾರಕ್ಕೋ! ಬೇಗ!”

ಖಾಲಿ ಪುಟ್ಟಿ ಎತ್ತಿಕೊಂಡು ಓಡಿದೆವು. ನಾಟಿ ಹೆಂಗಸರೆಲ್ಲ ಕರಿ ಕಾರಿನ ಸುತ್ತ ನಿಂತಿದ್ದರು. ಚಾವಣಿ ಕಿಟಕಿಯಿಂದ ಕಾಗೆ ಒಳಗೆ ಇಳಿದಿತ್ತು! ಬೆನ್ನು ಒತ್ತುವ ಸೀಟಿನ ನಟ್ಟನಡುವೆ, ಟವೆಲ್ಲಿನ ಮೇಲೆ, ಕಾಲಲ್ಲಿ ಮದ್ದೂರು ವಡೆ ಅದುಮಿ ಹಿಡಿದು, ಎತ್ತಲೂ ನೋಡದೆ, ನೆಮ್ಮದಿಯಾಗಿ ತಿನ್ನುತ್ತಿತ್ತು.

“ಅಯ್ಯೋ ಸೀಟು!” ಎಂದು ಯತೀಶ್ ಮುಂದೆ ನುಗ್ಗಿದರು. ನಾನು ಅಂಗಿ ಹಿಡಿದೆಳೆದೆ.

“ಸುಮ್ನಿರಪ್ಪ. ನಿಮ್ ಮಾವ ಊಟಕ್ ಕೂತವ್ರೆ.”

ಎಡೆ ಕಾರಿನಲ್ಲಿ ತರುತ್ತೇನೆ ಎಂದು ವರ್ಷವೆಲ್ಲ ಬೀಗಿದವಳು ನಾನು. ಅವರು ಕೇಳಿದ್ದು ಅದಲ್ಲವಲ್ಲ! ಕಾರಿನೊಳಗೆ ಕೂತು ಒಂದು ವಡೆ. ಊಟದ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿದ್ದರು. ನಾನು ಬ್ರೇಕಿನ ಮಾತಾಡಿದ್ದೆ.

ಮಲ್ಲಿಗಮ್ಮ ನನ್ನ ಕಾಲು ನೋಡಿದಳು. ತೊಡೆ ತನಕ ಕೆಸರು. ಕಾರಿನೊಳಗೆ ನೋಡಿದಳು. ಆಮೇಲೆ ಬಾಯಿಗೆ ಸೆರಗು ಇಟ್ಟುಕೊಂಡಳು.

“ಅಕ್ಕ, ನಿನ್ ಗಂಡ ನೋಡು! ನಿನ್ನ ಕೆಸ್ರಲ್ಲಿ ನಡುಸ್ಬುಟ್ಟು, ತಾನ್ ಮಾತ್ರ ಕಾರಲ್ಲಿ ಕೂತವ್ನೆ!”

“ಇದ್ದಾಗ್ಲೂ ಅಂಗೇ ಕಣೆ” ಎಂದೆ.

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಆಮೇಲೂ ಅದು ನಿಲ್ಲಲಿಲ್ಲ.

ಕಾಗೆ ವಡೆ ಮುಗಿಸಿತು. ಸೀಟಿನ ಮೇಲೆ ಬಿಳಿ ಗುರುತು ಹಾಕಿತು. ಯತೀಶ್ ತಲೆ ಮೇಲೆ ಕೈ ಹೊತ್ತರು. “ನಂದೇ ಪುಣ್ಯದ ಗಾಡಿ, ಕಾಗೆ ಒಳಗ್ ಬರ್ನಿಲ್ಲ” ಎಂದ ಶಿವಣ್ಣ. ಟ್ರ್ಯಾಕ್ಟರು ಕರೆಯಲು ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಹೋದರು.

ಕಾಗೆ ಕಿಟಕಿಯಿಂದ ಎದ್ದು ನಾಲೆ ಏರಿಯ ಮೇಲೆ ಊರಿನ ಕಡೆ ಹಾರಿತು. ನಾನು ಖಾಲಿ ಪುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡೆ. ಮುಂದೆ ಅವರು. ಹಿಂದೆ ನಾನು, ನಡೆದುಕೊಂಡು.